ಕಾವಿ: ಚಿತ್ರದುರ್ಗ ಸೀಮೆಯ ಕೆಂಪು ಖನಿಜ ಬಣ್ಣ

ಕಾವಿ ಎಂಬುದು ಕಬ್ಬಿಣದ ಆಕ್ಸೈಡ್ ಹೇರಳವಾಗಿರುವ ಮಣ್ಣಿನಿಂದ ತೆಗೆಯುವ ಕೆಂಪು ಬಣ್ಣ. ಕೆಮ್ಮಣ್ಣು, ಜಾಜು, ಕಾವಿಕಲ್ಲು ಎಂಬ ಹೆಸರುಗಳೂ ಬಳಕೆಯಲ್ಲಿವೆ. ಸಂಸ್ಕೃತ ಗ್ರಂಥಗಳಲ್ಲಿ ಇದು ಗೈರಿಕ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳನ್ನು ಒಳಗೊಂಡ ಈ ಸೀಮೆಯಲ್ಲಿ ಮಡಕೆ, ಮನೆಗೋಡೆ, ಗುಡಿ, ಮಠದ ಬಟ್ಟೆ ಎಲ್ಲಕ್ಕೂ ಒದಗಿದ ಬಣ್ಣವಿದು. ಇದೇ ಖನಿಜ ಜಪಾನಿನ ಮರದಚ್ಚಿನ ಚಿತ್ರಗಳಲ್ಲಿ ‘ಬೆಂಗರ’ ಎಂಬ ಹೆಸರಿನಿಂದ ಬಳಕೆಯಾಯಿತು.

ಚಿತ್ರದುರ್ಗದ ಕೋಟೆ ನಿಂತಿರುವುದು ಗ್ರಾನೈಟ್ ಬಂಡೆಗಳ ಮೇಲೆ. ಕಾವಿ ಹುಟ್ಟುವುದು ಅಲ್ಲಲ್ಲ. ಗದಗದ ಕಡೆಯಿಂದ ಶ್ರೀರಂಗಪಟ್ಟಣದವರೆಗೆ ಉತ್ತರ–ದಕ್ಷಿಣವಾಗಿ ಹಾದುಹೋಗುವ ಚಿತ್ರದುರ್ಗ ಶಿಸ್ಟ್ ಪಟ್ಟಿಯೇ ಅದರ ತವರು. ಸುಮಾರು 260 ಕೋಟಿ ವರ್ಷಗಳಷ್ಟು ಹಳೆಯದಾದ ಈ ಶಿಲಾಸಮೂಹದ ಭಾಗಗಳಿಗೆ ಭೂವಿಜ್ಞಾನಿಗಳು ವಾಣಿವಿಲಾಸ, ಇಂಗಳದಾಳ್, ಹಿರಿಯೂರು ಎಂದು ಇಲ್ಲಿನ ಊರು–ಕೆರೆಗಳ ಹೆಸರನ್ನೇ ಇಟ್ಟಿದ್ದಾರೆ. ಅದರೊಳಗಿನ ಪಟ್ಟೆಪಟ್ಟೆಯಾದ ಕಬ್ಬಿಣದ ಕಲ್ಲು ಮಳೆ ಬಿಸಿಲಿಗೆ ಸವೆದು ಮೆತ್ತಗಾದಲ್ಲಿ ಕೆಮ್ಮಣ್ಣು ಉಳಿಯುತ್ತದೆ. ಅದರ ಕೆಂಪಿಗೆ ಕಾರಣ ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡ್. ಕಬ್ಬಿಣದ ಜೊತೆ ನೀರಿನ ಅಂಶವೂ ಸೇರಿ ಗೋಯಥೈಟ್ ಆದರೆ ಅದೇ ಮಣ್ಣು ಹಳದಿಯಾಗುತ್ತದೆ. ಈ ಹಳದಿ ಮಣ್ಣನ್ನು ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟರೆ ನೀರು ಹಾರಿಹೋಗಿ ಅದೂ ಕೆಂಪಾಗುತ್ತದೆ. ಬೆಂಕಿ ಬಲ್ಲ ಕುಂಬಾರರ ಕಣ್ಣಿಗೆ ಇದು ಬಹು ಹಿಂದೆಯೇ ಬಿದ್ದಿರಬೇಕು.

ಮಣ್ಣನ್ನು ಬಣ್ಣ ಮಾಡುವ ಕ್ರಮ ಸರಳ, ಆದರೆ ತಾಳ್ಮೆ ಬೇಡುತ್ತದೆ. ಅಗೆದು ತಂದ ಹೆಂಟೆಯನ್ನು ಕುಟ್ಟಿ ಪುಡಿಮಾಡಿ ನೀರಿನಲ್ಲಿ ಕದಡಬೇಕು. ಮರಳು, ನೊರಜು ಕೂಡಲೇ ತಳ ಹಿಡಿಯುತ್ತವೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ, ಅಲುಗಾಡಿಸದೆ ಬಿಟ್ಟರೆ ನುಣ್ಣನೆಯ ಕೆಸರು ಕೂರುತ್ತದೆ. ಇದನ್ನು ಎರಡು ಮೂರು ಸಲ ಮಾಡಿದ ಮೇಲೆ ಸಿಗುವ ಕಾವಿಯನ್ನು ಬೆರಳುಗಳ ನಡುವೆ ಉಜ್ಜಿದರೆ ಒಂದು ಹರಳೂ ತಗಲುವುದಿಲ್ಲ. ಕುಂಬಾರರು ಒಣಗಿದ ಹಸಿ ಮಡಕೆಗೆ ಬಳಿಯುವ ಜಾಜು ಇಂಥದ್ದೇ. ಆವಿಗೆಯಲ್ಲಿ ಬೆಂದಾಗ ಮಡಕೆಗೆ ಒಪ್ಪವಾದ ಕೆಂಪು ಬರುತ್ತದೆ.

ಈ ಸೀಮೆಯ ಕಾವಿಗೆ ಅತ್ಯುತ್ತಮ ಸಾಕ್ಷಿ ಮಡಕೆಯ ಚೂರುಗಳೇ. ದಕ್ಷಿಣ ಭಾರತದ ನವಶಿಲಾಯುಗದ ಜನ ಬೂದುಬಣ್ಣದ ಪಾತ್ರೆಗಳನ್ನು ಸುಟ್ಟ ಮೇಲೆ ಅಂಚಿಗೆ ಕೆಂಪು ಕಾವಿಯ ಪಟ್ಟಿ ಎಳೆಯುತ್ತಿದ್ದರು. ಈ ಸೀಮೆಯಾಚೆಯ ಹಿರೇಬೆಣಕಲ್ಲು, ಆನೆಗೊಂದಿ ಪರಿಸರದ ಗವಿಗಳಲ್ಲಿರುವ ಗೂಳಿ, ಜಿಂಕೆ, ಮನುಷ್ಯರ ಚಿತ್ರಗಳೂ ಇದೇ ಕೆಂಪಿನವು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲೂ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಮೊದಲು ಅಗೆದು ನೋಡಿದರು. ಚಂದ್ರವಳ್ಳಿಯ ಕೆಲಸ 1929ರದು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಎರಡೂ ನೆಲೆಗಳಲ್ಲಿ ಉತ್ಖನನ ನಡೆಸಿ ಪದರ ಪದರವಾಗಿ ಕಾಲಾನುಕ್ರಮ ಹೊಂದಿಸಿದರು. ಶಾತವಾಹನರ ಕಾಲದ ಪದರಗಳಲ್ಲಿ ಹೇರಳವಾಗಿ ದೊರೆತದ್ದು ಕಾವಿ ಲೇಪನದ, ಬಿಳಿ ಗೀರುಗಳ ಮಡಕೆ.

ಈ ಮಡಕೆಯ ಚೂರೊಂದನ್ನು ಹತ್ತಿರದಿಂದ ನೋಡಬೇಕು. ಕುಂಬಾರನು ಹಸಿ ಪಾತ್ರೆಯ ಮೇಲೆ ಬಿಳಿ ಜೇಡಿಯಿಂದ ಅಡ್ಡಗೆರೆ, ಓರೆಗೆರೆ, ಬಲೆಯಂಥ ವಿನ್ಯಾಸ ಎಳೆದು, ಅದರ ಮೇಲೆ ತೆಳ್ಳನೆಯ ಕಾವಿ ನೀರನ್ನು ಹರಿಸಿ, ಆಮೇಲೆ ಸುಟ್ಟಿದ್ದಾನೆ. ಹಾಗಾಗಿ ಗೆರೆಗಳು ಕೆಂಪಿನ ಮೇಲೆ ಕುಳಿತಿಲ್ಲ, ಕೆಂಪಿನೊಳಗಿಂದ ಮೂಡಿಬಂದಂತೆ ಕಾಣುತ್ತವೆ. ಕೆಂಪು ಎಷ್ಟು ತೆಳುವಾಗಿರಬೇಕೆಂಬ ಅಂದಾಜು ತಪ್ಪಿದರೆ ಗೆರೆ ಮುಚ್ಚಿಹೋಗುತ್ತದೆ. ಅದೇ ಚಂದ್ರವಳ್ಳಿಯಲ್ಲಿ ರೋಮಿನ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ನಾಣ್ಯಗಳ ಬಗ್ಗೆ ಬೇಕಾದಷ್ಟು ಬರೆದಿದ್ದೇವೆ. ಆ ಮಡಕೆ ಮಾಡಿದ ಕೈಗಳ ಬಗ್ಗೆ ಬರೆದದ್ದು ತೀರಾ ಕಡಿಮೆ.

ಮುಂದಿನ ಶತಮಾನಗಳಲ್ಲಿ ಕಾವಿ ಗೋಡೆಗೇರಿತು. ಕಾವಿಯೂ ಸುಣ್ಣವೂ ಒಂದಕ್ಕೊಂದು ಹೊಂದಿಕೊಳ್ಳುವುದೇ ಇದಕ್ಕೆ ಕಾರಣ. ಅರಿಸಿನ ಸುಣ್ಣಕ್ಕೆ ತಗುಲಿದರೆ ಬಣ್ಣ ಬದಲಾಯಿಸುತ್ತದೆ, ಹೂವಿನ ಬಣ್ಣಗಳು ಕೆಡುತ್ತವೆ. ಹೆಮಟೈಟ್ ಮಾತ್ರ ಸುಣ್ಣಕ್ಕೂ ಬಿಸಿಲಿಗೂ ಅಳುಕುವುದಿಲ್ಲ. ಲೇಪಾಕ್ಷಿಯೂ ಸೇರಿ ವಿಜಯನಗರ ಪರಂಪರೆಯ ಭಿತ್ತಿಚಿತ್ರಗಳಲ್ಲಿ ಕೆಂಪು ಕಾವಿ, ಹಳದಿ ಮಣ್ಣು, ಸುಣ್ಣದ ಬಿಳಿ, ದೀಪದ ಕಾಡಿಗೆ ಇವೇ ಮುಖ್ಯ ಸಾಮಗ್ರಿ. ಹಿರಿಯೂರಿನ ತೇರುಮಲ್ಲೇಶ್ವರ ದೇವಾಲಯದ ಮಂಟಪದ ಚಾವಣಿಯಲ್ಲೂ ಪುರಾಣಕಥೆಗಳ ವರ್ಣಚಿತ್ರಗಳಿವೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಹಳೆಯ ಚಿತ್ರಕಲೆ ನೋಡಬಯಸುವವರು ಮೊದಲು ಹೋಗಬೇಕಾದ ಜಾಗ ಅದು. ಕರಾವಳಿಯಲ್ಲಿ ಇದೇ ಕಾವಿಯನ್ನು ಸುಣ್ಣದ ಗಾರೆಯ ಮೇಲೆ ಹಚ್ಚಿ, ಗೀರಿ ಬಿಳಿ ತೆಗೆಯುವ ಕಾವಿ ಕಲೆ ಬೆಳೆಯಿತು. ಬಯಲುಸೀಮೆಯಲ್ಲಿ ಅಷ್ಟು ನಯಗಾರಿಕೆ ಇಲ್ಲ: ಗುಡಿಯ ಪೌಳಿಗೆ ಸುಣ್ಣ–ಕೆಮ್ಮಣ್ಣಿನ ಪಟ್ಟೆ, ಮನೆಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಕಾರಣೆ, ಹಬ್ಬ ಬಂದರೆ ಹೊಸ್ತಿಲಿಗೂ ಕಟ್ಟೆಗೂ ಒಂದು ಕೈ.

ಸಿರಿಗೆರೆ, ಚಿತ್ರದುರ್ಗಗಳ ಮಠಗಳಿಂದಾಗಿ ಈ ಜಿಲ್ಲೆಯಲ್ಲಿ ಕಾವಿ ಎಂದರೆ ಮೊದಲು ನೆನಪಾಗುವುದು ಬಟ್ಟೆ. ಕಾವಿಕಲ್ಲನ್ನು ತೇಯ್ದು ನೀರಿನಲ್ಲಿ ಕದಡಿ ಬಟ್ಟೆ ಅದ್ದುವುದು ಹಳೆಯ ರೂಢಿ. ಖನಿಜದ ಕಣ ನೂಲಿನೊಳಗೆ ಇಳಿಯದೆ ಮೇಲೆ ಕುಳಿತಿರುವುದರಿಂದ ಒಗೆದಂತೆಲ್ಲ ಬಣ್ಣ ಬಿಡುತ್ತದೆ, ಮತ್ತೆ ಮತ್ತೆ ಅದ್ದಬೇಕು. ಈಗ ಆ ಜಾಗಕ್ಕೆ ರಾಸಾಯನಿಕ ಬಣ್ಣ ಬಂದಿದೆ.

ಜಪಾನಿನ ಕಥೆ ಬೇರೆ ಹಾದಿಯದು. ಅಲ್ಲಿನ ಮೊದಮೊದಲ ಮರದಚ್ಚಿನ ಚಿತ್ರಗಳಿಗೆ ಕೈಯಿಂದ ಬಳಿಯುತ್ತಿದ್ದುದು ಸೀಸದ ಕೆಂಪು, ಅನಂತರ ಕುಸುಬೆ ಹೂವಿನ ಕೆಂಪು. 1765ರ ಸುಮಾರಿಗೆ ಚಿತ್ರಕಾರ ಸುಜುಕಿ ಹರುನೊಬು ಕಾಲದಲ್ಲಿ ಬಣ್ಣಕ್ಕೊಂದು ಅಚ್ಚು ಕೊರೆದು ಬಹುವರ್ಣದ ಮುದ್ರಣ ನೆಲೆಗೊಂಡಾಗ ಬೆಂಗರವೂ ಆ ಬಣ್ಣಗಳ ಸಾಲಿನಲ್ಲಿತ್ತು. ಬಂಗಾಳದ ಕಡೆಯಿಂದ ಬಂದ ಕೆಂಪು ಎಂಬ ಕಾರಣಕ್ಕೆ ಅದಕ್ಕೆ ಆ ಹೆಸರು. ಅಕ್ಕಿಯ ಅಂಟಿನೊಡನೆ ಅಚ್ಚಿನ ಮೇಲೆ ಅದನ್ನು ಬ್ರಶ್ಶಿನಿಂದ ಹರಡುತ್ತಿದ್ದರು. ಕುಸುಬೆಯ ಕೆಂಪು ಬೆಳಕಿಗೆ ಮಾಸಿತು, ಸೀಸದ್ದು ಎಷ್ಟೋ ಕಡೆ ಕಪ್ಪಾಯಿತು, ಬೆಂಗರ ಉಳಿಯಿತು. ಒಕಯಾಮ ಪ್ರಾಂತದ ಫುಕಿಯಾ ಎಂಬ ಊರಿನಲ್ಲಿ ತಾಮ್ರದ ಗಣಿಯಿಂದ ಸಿಗುವ ಕಬ್ಬಿಣದ ಸಲ್ಫೇಟನ್ನು ಸುಟ್ಟು ಬೆಂಗರ ಮಾಡುವ ಉದ್ಯಮ 18ನೇ ಶತಮಾನದಿಂದ 1970ರ ದಶಕದವರೆಗೂ ನಡೆಯಿತು. ಚಿತ್ರದುರ್ಗದ ಬಳಿಯ ಇಂಗಳದಾಳಿನಲ್ಲೂ ತಾಮ್ರದ ಗಣಿ ಇತ್ತು, ಗಂಧಕ ಸೇರಿದ ಕಬ್ಬಿಣದ ಅದಿರೂ ಅಲ್ಲಿದೆ. ಆದರೆ ನೆಲ ಕೆರೆದರೆ ಕೆಂಪು ಸಿಗುವ ಈ ನಾಡಿಗೆ ಅಷ್ಟು ಕಷ್ಟದ ದಾರಿ ಬೇಕಾಗಿರಲಿಲ್ಲ.

ಇಲ್ಲಿ ಕಬ್ಬಿಣಕ್ಕೆ ಹೆಚ್ಚಿನ ಬೆಲೆ ಬಂದದ್ದು ಲೋಹವಾಗಿ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಗಾಜಿನ ಬಳೆ ತಯಾರಿಕೆಯನ್ನೂ ಆ ಭಾಗದ ಕಬ್ಬಿಣದ ಕುಲುಮೆಗಳನ್ನೂ ವಿವರವಾಗಿ ಬರೆದಿಟ್ಟ. ಎರಡು ಶತಮಾನಗಳ ಬಳಿಕ ಅದಿರಿನ ಸಾಗಣೆ ಮಿತಿಮೀರಿದ ಮೇಲೆ, 2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಗಣಿಗಾರಿಕೆಯನ್ನು ತಡೆಹಿಡಿಯಿತು. ಬಳ್ಳಾರಿಯಲ್ಲಿ ಅದಕ್ಕೂ ತಿಂಗಳ ಮೊದಲೇ ತಡೆ ಬಿದ್ದಿತ್ತು. ಮುಂದೆ ಷರತ್ತುಗಳೊಡನೆ ಗಣಿಗಳು ಮತ್ತೆ ತೆರೆದವು.

ಕಾರ್ಖಾನೆಯಲ್ಲಿ ತಯಾರಾದ ಕೆಂಪು ಆಕ್ಸೈಡ್ 20ನೇ ಶತಮಾನದಲ್ಲಿ ಸಿಮೆಂಟಿನ ಜೊತೆ ಸೇರಿ ನಮ್ಮ ಮನೆಗಳ ಕಾವಿ ನೆಲವಾಯಿತು. ರಾಸಾಯನಿಕವಾಗಿ ಅದೂ ಹೆಮಟೈಟೇ. ಗುಡಿಗಳಿಗೆ ಬಂದಿರುವುದು ಮಾತ್ರ ಬೇರೆ: ಜೀರ್ಣೋದ್ಧಾರವೆಂದರೆ ಹಳೆಯ ಸುಣ್ಣ–ಕೆಮ್ಮಣ್ಣಿನ ಮೇಲೆ ಎನಾಮೆಲ್ ಬಣ್ಣ ಬಳಿಯುವುದು ಎಂಬಂತಾಗಿದೆ. ಆ ಬಣ್ಣ ಕಲ್ಲು, ಗಾರೆಗಳೊಳಗಿನ ತೇವ ಹೊರಬರಲು ಬಿಡದೆ ಹಪ್ಪಳ ಎದ್ದು ಉದುರುವಾಗ ಕೆಳಗಿನ ಹಳೆಯ ಪದರವನ್ನೂ ಕಿತ್ತುಕೊಂಡು ಬರುತ್ತದೆ. ಊರ ಗುಡಿಗೆ ಬಣ್ಣ ಮಾಡಿಸುವ ಹಿರಿಯರು ಡಬ್ಬಿ ತರುವ ಮುನ್ನ ಚಾವಣಿಯನ್ನೂ ಗೋಡೆಯನ್ನೂ ಒಮ್ಮೆ ದೀಪ ಹಿಡಿದು ನೋಡಲಿ. ಹಳೆಯ ಕೆಂಪು ಕಂಡರೆ ಕೆರೆಯದೆ, ಬಳಿಯದೆ ಪುರಾತತ್ವ ಇಲಾಖೆಗೆ ತಿಳಿಸಲಿ.