ನಿಮ್ಮ ಬ್ರೌಸರ್ ಆರಿಸಿದ್ದು ಯಾರು?



ಹೋದ ಭಾನುವಾರ ನಮ್ಮ ಅಧ್ಯಯನ ಕೂಟದಲ್ಲಿ ಒಬ್ಬಳು ತಂಗಿ ಕೇಳಿದ್ಲು, "ಅಣ್ಣ, ದಿನಾ ಬಳಸೋಕೆ ಯಾವ ಬ್ರೌಸರ್ ಒಳ್ಳೇದು? ನೀವು ಯಾವುದು ಇಟ್ಕೊಂಡಿದೀರಿ?"

"ನೀನು ಈಗ ಯಾವುದು ಬಳಸ್ತಿದೀಯವ್ವ?" ಅಂದೆ.

"ಗೂಗಲ್ ಅಣ್ಣ."

"ಗೂಗಲ್ ಕಂಪನಿ ಹೆಸರು ಕಣವ್ವ, ಬ್ರೌಸರ್ ಹೆಸರು ಹೇಳು."

ಫೋನ್ ತೆಗೆದು ನೋಡಿದ್ಲು. ಕ್ರೋಮ್. "ಅದನ್ನೇ ಯಾಕೆ ಆರಿಸ್ಕೊಂಡೆ?" ಅಂದೆ. "ನಾನೆಲ್ಲಿ ಆರಿಸ್ಕೊಂಡೆ ಅಣ್ಣ, ಫೋನ್ ತಗೊಂಡಾಗಲೇ ಇತ್ತು."

ಈ ಕೊನೇ ಮಾತು ನನ್ನ ತಲೇಲಿ ಕೂತುಬಿಡ್ತು. "ಮೊದಲಿಂದ ಹಿಂಗೇ ಇತ್ತು" ಅಂತ ಯಾರಾದ್ರೂ ಅಂದ್ರೆ, "ಹಾಗೆ ಇಟ್ಟವರು ಯಾರು, ಅದರಿಂದ ಲಾಭ ಯಾರಿಗೆ" ಅಂತ ಕೇಳೋದನ್ನ ಚಳವಳಿ ನಮಗೆ ಕಲಿಸಿದೆ. ಜಾತಿಯನ್ನೂ ಒಂದು ಸಾಫ್ಟ್‌ವೇರನ್ನೂ ಒಂದೇ ತಕ್ಕಡೀಲಿ ತೂಗ್ತಿಲ್ಲ, ಅಷ್ಟು ತಿಳಿಗೇಡಿ ನಾನಲ್ಲ. ಆದರೆ ಆ ಪ್ರಶ್ನೆಯನ್ನ ಇಲ್ಲೂ ಕೇಳಬಹುದು. ಆ ತಂಗಿಗೆ ಅವತ್ತು ಅರ್ಧ ಉತ್ತರ ಕೊಟ್ಟೆ, ಉಳಿದರ್ಧ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಕಥೆ ಶುರುವಾಗೋದು 1990ರಲ್ಲಿ, ಜಿನೀವಾ ಹತ್ತಿರದ ಸರ್ನ್ ಅನ್ನೋ ಭೌತವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿ ಟಿಮ್ ಬರ್ನರ್ಸ್-ಲೀ ಮೊದಲ ಬ್ರೌಸರ್ ಬರೆದರು. ಅದರಲ್ಲಿ ಓದೋದಷ್ಟೇ ಅಲ್ಲ, ಪುಟವನ್ನ ಅಲ್ಲೇ ಬರೆಯೋಕೂ ತಿದ್ದೋಕೂ ಆಗ್ತಿತ್ತು. ಓದುವವರೂ ಬರೆಯುವವರೂ ಬೇರೆ ಬೇರೆ ಅಲ್ಲ ಅನ್ನೋ ಕಲ್ಪನೆ ಅದು. ಮುಂದೆ ಬಂದ ಜನಪ್ರಿಯ ಬ್ರೌಸರ್‌ಗಳು ಬರೆಯೋ ಭಾಗವನ್ನ ಕೈಬಿಟ್ಟು, ನಮ್ಮನ್ನ ಬರೀ ಓದುಗರನ್ನಾಗಿ ಮಾಡಿದವು. ಆದ್ರೆ ಆ ಮೊದಲ ಬ್ರೌಸರ್ ನಡೀತಿದ್ದದ್ದು ನೆಕ್ಸ್ಟ್ ಅನ್ನೋ ದುಬಾರಿ ಕಂಪ್ಯೂಟರಿನಲ್ಲಿ ಮಾತ್ರ. ಅದಕ್ಕೆ ನಿಕೋಲಾ ಪೆಲೋ ಅನ್ನೋ ವಿದ್ಯಾರ್ಥಿನಿ, ಯಾವ ಹಳೇ ಕಂಪ್ಯೂಟರಿನಲ್ಲಾದರೂ ನಡೆಯುವಂಥ, ಬರೀ ಅಕ್ಷರ ತೋರಿಸೋ ಇನ್ನೊಂದು ಸರಳ ಬ್ರೌಸರ್ ಬರೆದಳು. ಈ ಹೆಣ್ಣುಮಗಳ ಹೆಸರು ಎಷ್ಟು ಜನಕ್ಕೆ ಗೊತ್ತು? ದುಬಾರಿ ಯಂತ್ರ ಇಲ್ಲದವರಿಗೂ ವೆಬ್ ಸಿಗಲಿ ಅಂತ ಮೊದಲು ದಾರಿ ಮಾಡಿದ್ದು ಆಕೆಯ ಕೆಲಸ. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ವೆಬ್ ತಂತ್ರಾಂಶವನ್ನ ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಿ ಅಂತ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು.

ಅದೇ 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬೀನಾ ಮೊಸಾಯಿಕ್ ಅನ್ನೋ ಬ್ರೌಸರ್ ತಂದರು. ಅಕ್ಷರದ ಜೊತೆಗೇ ಚಿತ್ರ ತೋರಿಸ್ತಿತ್ತು, ಮೌಸ್ ಒತ್ತಿದ್ರೆ ಸಾಕು. ಸಾಮಾನ್ಯ ಜನ ವೆಬ್ ಕಡೆ ಬಂದದ್ದು ಆಗ. ಮಾರನೇ ವರ್ಷ ಆಂಡ್ರೀಸನ್, ಜಿಮ್ ಕ್ಲಾರ್ಕ್ ಜೊತೆ ಸೇರಿ ನೆಟ್‌ಸ್ಕೇಪ್ ಕಂಪನಿ ಕಟ್ಟಿದರು. ಸ್ವಲ್ಪ ದಿನದಲ್ಲೇ ಬ್ರೌಸರ್ ಅಂದ್ರೆ ನೆಟ್‌ಸ್ಕೇಪ್ ಅನ್ನೋ ಹಾಗಾಯ್ತು.

ಇದನ್ನ ನೋಡ್ಕೊಂಡು ಮೈಕ್ರೋಸಾಫ್ಟ್ ಸುಮ್ಮನೆ ಕೂರಲಿಲ್ಲ. 1995ರಲ್ಲಿ ಮೊಸಾಯಿಕ್ ಕೋಡನ್ನೇ ಇನ್ನೊಂದು ಕಂಪನಿಯಿಂದ ಪರವಾನಗಿ ಪಡೆದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಮಾಡಿತು. ನೆಟ್‌ಸ್ಕೇಪ್ ತನ್ನ ಬ್ರೌಸರನ್ನ ಕಂಪನಿಗಳಿಗೆ ಮಾರಿ ಬದುಕ್ತಿತ್ತು. ಮೈಕ್ರೋಸಾಫ್ಟ್ ತನ್ನದನ್ನ ಬಿಟ್ಟಿ ಕೊಟ್ಟು, ವಿಂಡೋಸ್ ಜೊತೆಗೇ ಅಂಟಿಸಿಬಿಟ್ಟಿತು. ಕಂಪ್ಯೂಟರ್ ಮನೆಗೆ ಬಂದಾಗಲೇ ಬ್ರೌಸರ್ ಒಳಗೆ ಕೂತಿರ್ತಿತ್ತು. ಹಾಗಿದ್ದಾಗ ಬೇರೆಯದನ್ನ ಹುಡ್ಕೊಂಡು ಹೋಗೋರು ಯಾರು?

1998ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಮೈಕ್ರೋಸಾಫ್ಟ್ ಮೇಲೆ ಮೊಕದ್ದಮೆ ಹೂಡಿತು. ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ 2000ದಲ್ಲಿ ಕಂಪನಿಯನ್ನ ಎರಡು ಹೋಳು ಮಾಡಿ ಅಂತ ಆದೇಶ ಕೊಟ್ಟರು. 2001ರಲ್ಲಿ ಮೇಲ್ಮನವಿ ನ್ಯಾಯಾಲಯ ಏಕಸ್ವಾಮ್ಯ ಉಳಿಸ್ಕೊಳ್ಳೋಕೆ ಅಕ್ರಮ ನಡೆದದ್ದು ನಿಜ ಅಂತ ಒಪ್ಪಿತು, ಆದರೆ ಹೋಳು ಮಾಡೋ ಆದೇಶ ರದ್ದು ಮಾಡಿತು. ಕೊನೆಗೆ ರಾಜಿಯಾಯ್ತು. ಅಷ್ಟರಲ್ಲಿ ನೆಟ್‌ಸ್ಕೇಪ್ ಸೋತು ಇನ್ನೊಬ್ಬರಿಗೆ ಮಾರಾಟವಾಗಿತ್ತು. ತೀರ್ಪು ಬರೋ ಹೊತ್ತಿಗೆ ನೊಂದವನು ಉಳಿದಿರಲ್ಲ ಅನ್ನೋದು ನಮಗೇನು ಹೊಸ ಸುದ್ದಿಯಾ?

ಗೆದ್ದವನು ಆಮೇಲೆ ಏನು ಮಾಡಿದ ನೋಡಿ. 2001ರಲ್ಲಿ ಎಕ್ಸ್‌ಪ್ಲೋರರ್ 6 ಬಂತು. ಜಗತ್ತಿನ ಶೇ. 90ಕ್ಕೂ ಹೆಚ್ಚು ಜನ ಎಕ್ಸ್‌ಪ್ಲೋರರನ್ನೇ ಬಳಸೋ ಕಾಲ. ಏಳನೇ ಆವೃತ್ತಿ ಬಂದದ್ದು 2006ರಲ್ಲಿ. ಐದು ವರ್ಷ ಹೊಸದಿಲ್ಲ. ಎದುರಾಳಿ ಇಲ್ಲದ ಮೇಲೆ ಮೈ ಬಗ್ಗಿಸೋ ಅಗತ್ಯ ಏನು? ವೆಬ್‌ಸೈಟ್ ಮಾಡೋರೂ ಅದೊಂದರಲ್ಲಿ ನಡೆದರೆ ಸಾಕು ಅಂತ ಮಾಡ್ತಿದ್ರು.

ಇದು ನನ್ನ ಬದುಕಿಗೂ ತಟ್ಟಿದೆ. 2009ರಲ್ಲಿ ನಾನು ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಓದ್ತಿದ್ದೆ. ಒಂದು ವಿದ್ಯಾರ್ಥಿವೇತನದ ಅರ್ಜಿಯನ್ನ ಆನ್‌ಲೈನ್‌ನಲ್ಲೇ ಹಾಕಬೇಕಿತ್ತು. ತಾಲೂಕು ಕೇಂದ್ರದ ಸೈಬರ್ ಸೆಂಟರಿನಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ. ಮಾಲೀಕ ಖರ್ಚು ಉಳಿಸೋಕೆ ಬಹುಪಾಲು ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಿದ್ದ. ಅವುಗಳಲ್ಲಿ ಆ ಅರ್ಜಿ ತೆರೆದ್ರೆ ಕನ್ನಡದ ಜಾಗದಲ್ಲೆಲ್ಲ ಅರ್ಥವಿಲ್ಲದ ಗೀಚು, ಕಳಿಸೋ ಗುಂಡಿ ಒತ್ತಿದ್ರೆ ಏನೂ ಆಗ್ತಿರಲಿಲ್ಲ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲೇ ನೋಡಿ ಅಂತ ಇತ್ತು. ವಿಂಡೋಸ್ ಇದ್ದದ್ದು ಎರಡೇ ಕಂಪ್ಯೂಟರ್, ಮುಂದೆ ಉದ್ದ ಸಾಲು, ಅವತ್ತೇ ಕೊನೇ ದಿನ. ನನ್ನ ಅರ್ಜಿ ಹೋಯ್ತು. ನನ್ನ ಹಿಂದೆ ನಿಂತಿದ್ದ ರೂಮ್‌ಮೇಟ್ ಸರದಿ ಬರೋ ಹೊತ್ತಿಗೆ ಕರೆಂಟ್ ಹೋಯ್ತು. ಅವನು ಆ ವರ್ಷ ಓದು ಬಿಟ್ಟು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ. ಆಮೇಲೆ ಬಂದು ಡಿಗ್ರಿ ಮುಗಿಸಿದ ಅನ್ನಿ. ಆದ್ರೆ ಆ ಒಂದು ವರ್ಷ ಅವನಿಗೆ ಯಾರು ವಾಪಸ್ ಕೊಡ್ತಾರೆ? ಬ್ರೌಸರ್ ಅನ್ನೋದು ಬರೀ ತಂತ್ರಜ್ಞಾನದವರ ಜಗಳ ಅಂತ ಯಾರಾದ್ರೂ ಅಂದ್ರೆ ನನಗೆ ಆ ಸಂಜೆ ಕಣ್ಮುಂದೆ ಬರುತ್ತೆ.

ಈ ಏಕಸ್ವಾಮ್ಯ ಮುರಿದದ್ದು ಹೇಗೆ? ಸೋಲುವ ಮುಂಚೆ, 1998ರ ಮಾರ್ಚ್ 31ರಂದು, ನೆಟ್‌ಸ್ಕೇಪ್ ತನ್ನ ಬ್ರೌಸರಿನ ಮೂಲ ಕೋಡನ್ನ ಎಲ್ಲರಿಗೂ ತೆರೆದಿಟ್ಟಿತ್ತು. ಅದರ ಮೇಲೆ ಮೊಜಿಲ್ಲಾ ಅನ್ನೋ ಯೋಜನೆ ಬೆಳೀತು. 2004ರ ನವೆಂಬರ್ 9ರಂದು ಫೈರ್‌ಫಾಕ್ಸ್ 1.0 ಬಂತು. ಬಳಕೆದಾರರೇ ಚಂದಾ ಎತ್ತಿ, ಕೊಟ್ಟವರ ಹೆಸರುಗಳನ್ನೆಲ್ಲ ಅಚ್ಚು ಹಾಕಿಸಿ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೇಲಿ ಎರಡು ಪುಟದ ಜಾಹೀರಾತು ಕೊಟ್ಟರು. ಬೇರೆ ಬೇರೆ ದೇಶದ ಸ್ವಯಂಸೇವಕರು ಅದನ್ನ ತಮ್ಮ ತಮ್ಮ ಭಾಷೆಗೆ ತಂದರು. ಕನ್ನಡದಲ್ಲೂ ಫೈರ್‌ಫಾಕ್ಸ್ ಸಿಗೋದು ಅಂಥ ದುಡಿಮೆಯಿಂದಲೇ. ಜನ ಬೇಕು ಅಂತಲೇ ಬೇರೆಯದನ್ನ ಹಾಕ್ಕೊಂಡಾಗ ವೆಬ್‌ಸೈಟ್ ಮಾಡೋರು ಎಲ್ಲ ಬ್ರೌಸರಿಗೂ ಹೊಂದುವಂತೆ ಬರೆಯಲೇಬೇಕಾಯ್ತು. ಕೋರ್ಟು ಮಾಡಲಾಗದ್ದನ್ನ ಬಳಕೆದಾರರು ಮಾಡಿದರು.

ನಮ್ಮೂರ ಕಡೆ ಕಂಪ್ಯೂಟರಿಗಿಂತ ಮೊದಲು ಕೈಗೆ ಸಿಕ್ಕಿದ್ದು ಗುಂಡಿ ಫೋನು. ಅದರಲ್ಲಿ ನಮ್ಮ ಜೀವ ಅಂದ್ರೆ ಒಪೇರಾ ಮಿನಿ. ಪುಟವನ್ನ ತನ್ನ ಸರ್ವರಿನಲ್ಲಿ ಕುಗ್ಗಿಸಿ ಕಳಿಸ್ತಿತ್ತು, ಹತ್ತು ರೂಪಾಯಿ ಡೇಟಾದಲ್ಲಿ ಬಹಳ ದಿನ ತಳ್ಳಬಹುದಿತ್ತು. ಆದ್ರೆ ಕನ್ನಡ ಬರೀ ಚೌಕ ಚೌಕವಾಗಿ ಕಾಣ್ತಿತ್ತು. ಒಬ್ಬ ಗೆಳೆಯ ಉಪಾಯ ಹೇಳ್ಕೊಟ್ಟ. ವಿಳಾಸದ ಜಾಗದಲ್ಲಿ "ಒಪೇರಾ:ಕಾನ್ಫಿಗ್" ಅಂತ ಇಂಗ್ಲಿಷಿನಲ್ಲಿ ಹೊಡೆದು, ಕೊನೆಗಿಳಿದು, ಬಿಟ್‌ಮ್ಯಾಪ್ ಫಾಂಟ್ ಅನ್ನೋ ಕಡೆ "ಯೆಸ್" ಮಾಡೋದು. ಆಗ ಅಕ್ಷರಗಳೆಲ್ಲ ಚಿತ್ರವಾಗಿ ಇಳಿದು ಬರ್ತಿದ್ವು. ಬಾಬಾಸಾಹೇಬರ ಬಗ್ಗೆ ಕನ್ನಡದ ಬ್ಲಾಗೊಂದರಲ್ಲಿದ್ದ ಲೇಖನವನ್ನ ನಾನು ಮೊದಲು ಓದಿದ್ದು ಹಾಗೇ, ಎರಡಿಂಚಿನ ಪರದೇಲಿ, ಹಾಸ್ಟೆಲ್ ಜಗಲಿ ಮೇಲೆ. ಪತ್ರಿಕೆಗಳು ಜಾಗ ಕೊಡದ ಬರಹಗಳು ನಮಗೆ ಸಿಕ್ಕಿದ್ದು ಆ ಕಿಂಡೀಲಿ. ಆದ್ರೆ ಅದಕ್ಕೂ ಒಂದು ಬೆಲೆ ಇತ್ತು. ಓದೋದೆಲ್ಲ ಆ ಕಂಪನಿಯ ಸರ್ವರ್ ಹಾದೇ ಬರಬೇಕಿತ್ತು. ಬಡವರಿಗೆ ಸಿಗೋ ಅಗ್ಗದ ಸೌಕರ್ಯದ ಬೆಲೇಲಿ ಗುಟ್ಟೂ ಸೇರಿರುತ್ತೆ ಅಂತ ಅರ್ಥವಾದದ್ದು ಎಷ್ಟೋ ವರ್ಷದ ಮೇಲೆ.

2008ರ ಸೆಪ್ಟೆಂಬರ್ 2ರಂದು ಗೂಗಲ್ ಕ್ರೋಮ್ ತಂತು. ಸುಳ್ಳು ಯಾಕೆ ಹೇಳಲಿ, ಒಳ್ಳೇ ಬ್ರೌಸರ್. ವೇಗ ಇತ್ತು, ಒಂದು ಟ್ಯಾಬ್ ಕೆಟ್ಟರೆ ಉಳಿದವು ನಡೀತಿದ್ವು. ಆದ್ರೆ ಆಮೇಲೆ ನಡೆದದ್ದು ಹಳೇ ಕಥೆಯೇ. ಆಗ ವಿಂಡೋಸ್ ಇದ್ದ ಜಾಗದಲ್ಲಿ ಈಗ ಆಂಡ್ರಾಯ್ಡ್. ಫೋನ್ ಜೊತೆಗೇ ಕ್ರೋಮ್. ಇವತ್ತು ಜಗತ್ತಿನ ಬಳಕೇಲಿ ಸುಮಾರು ಮೂರರಲ್ಲಿ ಎರಡು ಪಾಲು ಅದರದ್ದು. 2022ರ ಅಕ್ಟೋಬರಿನಲ್ಲಿ ನಮ್ಮ ಭಾರತೀಯ ಸ್ಪರ್ಧಾ ಆಯೋಗ, ಆಂಡ್ರಾಯ್ಡ್ ಫೋನುಗಳಲ್ಲಿ ತನ್ನ ಆ್ಯಪ್‌ಗಳನ್ನ ಒಟ್ಟಾಗಿ ಹೇರಿದ್ದೂ ಸೇರಿದಂತೆ ಹಲವು ಕಾರಣಕ್ಕೆ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. 2024ರ ಆಗಸ್ಟಿನಲ್ಲಿ ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ, ಹುಡುಕಾಟದಲ್ಲಿ ಗೂಗಲ್ ಅಕ್ರಮ ಏಕಸ್ವಾಮ್ಯ ನಡೆಸಿದೆ ಅಂತ ತೀರ್ಪು ಕೊಟ್ಟರು. ಫೋನು, ಬ್ರೌಸರುಗಳಲ್ಲಿ "ಮೊದಲೇ ಇರೋದು" ತಾನಾಗಿರೋಕೆ ಗೂಗಲ್ 2021 ಒಂದೇ ವರ್ಷ 2,600 ಕೋಟಿ ಡಾಲರಿಗೂ ಹೆಚ್ಚು ಕೊಟ್ಟಿತ್ತು ಅಂತ ಆ ಕೇಸಿನಲ್ಲಿ ಹೊರಬಿತ್ತು. ಆದ್ರೂ 2025ರಲ್ಲಿ ಕ್ರೋಮ್ ಮಾರಲೇಬೇಕು ಅನ್ನೋ ಸರ್ಕಾರದ ಬೇಡಿಕೆಯನ್ನ ಅವರು ಒಪ್ಪಲಿಲ್ಲ.

ಒಂದು ಕ್ಷಣ ಯೋಚನೆ ಮಾಡಿ. ನಾವು "ನಾನೆಲ್ಲಿ ಆರಿಸ್ಕೊಂಡೆ" ಅಂತ ಹಗುರವಾಗಿ ಹೇಳೋ ಆ ಜಾಗಕ್ಕೆ ಅವರು ಸಾವಿರಾರು ಕೋಟಿ ಸುರೀತಾರೆ. ನಮ್ಮ ಸುಮ್ಮನಿರುವಿಕೆಗೆ ಅಷ್ಟು ಬೆಲೆ ಇದೆ.

ಹಾಗಾದ್ರೆ ಯಾವುದು ಆರಿಸೋದು? ಮೊದಲು ಇಷ್ಟು ತಿಳ್ಕೊಳ್ಳಿ. ಹೆಸರು ಹತ್ತು ಇದ್ರೂ ಒಳಗಿನ ಇಂಜಿನ್ ಮುಖ್ಯವಾಗಿ ಮೂರೇ. ಕ್ರೋಮ್, ಎಡ್ಜ್, ಬ್ರೇವ್, ಈಗಿನ ಒಪೇರಾ, ಎಲ್ಲದರ ಒಳಗೆ ಇರೋದು ಗೂಗಲ್ ಮುನ್ನಡೆಸೋ ಕ್ರೋಮಿಯಂ. ಎಕ್ಸ್‌ಪ್ಲೋರರ್ ಮಾಡಿದ ಮೈಕ್ರೋಸಾಫ್ಟೇ 2020ರಲ್ಲಿ ಎಡ್ಜ್‌ಗೆ ಕ್ರೋಮಿಯಂ ತಗೊಂಡಿತು. ಸಫಾರಿ ಆಪಲ್‌ನವರದ್ದು. ಉಳಿದದ್ದು ಫೈರ್‌ಫಾಕ್ಸ್.

ನಾನು ದಿನಾ ಬಳಸೋದು ಫೈರ್‌ಫಾಕ್ಸ್, ಜೊತೆಗೆ ಯೂಬ್ಲಾಕ್ ಒರಿಜಿನ್ ಅನ್ನೋ ಜಾಹೀರಾತು ತಡೆಯೋ ಎಕ್ಸ್‌ಟೆನ್ಷನ್. ಕ್ರೋಮ್ ತನ್ನ ನಿಯಮ ಬದಲಿಸಿ ಆ ಎಕ್ಸ್‌ಟೆನ್ಷನನ್ನ ಹೊರಗಿಟ್ಟಿದೆ, ಫೈರ್‌ಫಾಕ್ಸ್‌ನಲ್ಲಿ ಅದು ಫೋನಿನಲ್ಲೂ ನಡೆಯುತ್ತೆ. ಜಾಹೀರಾತು ಇಳೀದಿದ್ರೆ ಡೇಟಾನೂ ಉಳಿಯುತ್ತೆ. ಫೈರ್‌ಫಾಕ್ಸ್ ಏನೂ ದೇವರಲ್ಲ. ಮೊಜಿಲ್ಲಾದ ಆದಾಯದ ದೊಡ್ಡ ಪಾಲು ಬರೋದು ಗೂಗಲ್‌ನಿಂದಲೇ, ಅದರಲ್ಲಿ ಹುಡುಕಾಟಕ್ಕೆ ಗೂಗಲ್ ಇಡೋದಕ್ಕೆ ಸಿಗೋ ಹಣ. ಭಕ್ತಿ ಬೇಡ, ಬ್ರೌಸರಿನ ಮೇಲಂತೂ ಬೇಡವೇ ಬೇಡ. ಕೆಲವು ಸರ್ಕಾರಿ, ಬ್ಯಾಂಕ್ ಪುಟ ಕೈಕೊಟ್ಟಾಗ ನಾನೂ ಕ್ರೋಮ್ ತೆರೀತೀನಿ. ಕೆಲಸ ಆಗಬೇಕಲ್ಲ.

ಚಳವಳಿ ಕೆಲಸ ಮಾಡೋರಿಗೆ ಇನ್ನೊಂದು ಮಾತು. ಇನ್‌ಕಾಗ್ನಿಟೋ ಅಥವಾ ಪ್ರೈವೇಟ್ ವಿಂಡೋ ಅಂದ್ರೆ ನಿಮ್ಮ ಫೋನಿನಲ್ಲಿ ಗುರುತು ಉಳಿಯಲ್ಲ ಅಂತ ಅಷ್ಟೇ. ನೆಟ್‌ವರ್ಕ್ ಕಂಪನಿಗೆ, ನೀವು ಹೋದ ವೆಬ್‌ಸೈಟಿಗೆ ನೀವು ಕಾಣ್ತಾನೇ ಇರ್ತೀರಿ. ಬೇರೆಯವರ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಉಳಿಸಬೇಡಿ, ಮುಗಿದ ಮೇಲೆ ಲಾಗೌಟ್ ಆಗಿ.

ಕೊನೇದಾಗಿ, ನಮ್ಮಲ್ಲಿ ಈಗ ವೆಬ್‌ಸೈಟ್ ಮಾಡೋ ಹುಡುಗರು, ಹುಡುಗಿಯರು ಬಹಳ ಜನ ಇದೀರಿ. ನೀವು ಅರ್ಜಿಯ ಪುಟ ಮಾಡುವಾಗ ಎರಡು ಮೂರು ಬ್ರೌಸರಿನಲ್ಲಿ, ಒಂದು ಹಳೇ ಫೋನಿನಲ್ಲಿ ತೆರೆದು ನೋಡಿ. ಸಾಲಿನ ಕೊನೇಲಿ ನಿಂತಿರೋನ ಅರ್ಜಿಯೂ ಹೋಗಬೇಕು.

ತಂಗಿ ಮೊನ್ನೆ ಫೋನ್ ಮಾಡಿದ್ಲು. "ಅಣ್ಣ, ಎರಡನ್ನೂ ಇಟ್ಕೊಂಡು ಒಂದು ತಿಂಗಳು ನೋಡ್ತೀನಿ, ಆಮೇಲೆ ಹೇಳ್ತೀನಿ" ಅಂದ್ಲು. ಅವಳು ಕ್ರೋಮನ್ನೇ ಉಳಿಸ್ಕೊಂಡ್ರೂ ನನಗೆ ಬೇಜಾರಿಲ್ಲ. ಈ ಸಲ ಆರಿಸೋದು ಅವಳು.

ನೀವು ಯಾವುದು ಬಳಸ್ತೀರಿ, ಯಾಕೆ, ಕೆಳಗೆ ಬರೀರಿ.

ಜೈಭೀಮ್.