ದಾಂಪತ್ಯದ ಬಿಡುಗಡೆ ಮತ್ತು ಮಗು: ಕರ್ನಾಟಕದ ಜನಪದ ಕಟ್ಟಳೆಗಳ ಹಿನ್ನೆಲೆಯಲ್ಲಿ

ವಿವಾಹ ವಿಚ್ಛೇದನವು ಆಧುನಿಕ ಕಾನೂನಿನ ಕೊಡುಗೆ ಎಂಬ ಭಾವನೆ ನಮ್ಮ ವಿದ್ಯಾವಂತ ಸಮಾಜದಲ್ಲಿ ಬಹುಕಾಲದಿಂದ ಬೇರೂರಿದೆ. 1955ರ ಹಿಂದೂ ವಿವಾಹ ಕಾಯಿದೆಗೆ ಮೊದಲು ಗಂಡನಿಂದ ಬಿಡಿಸಿಕೊಳ್ಳುವ ದಾರಿ ಹೆಣ್ಣಿಗೆ ಇರಲೇ ಇಲ್ಲವೆಂಬ ಮಾತು, ವಿವಾಹವನ್ನು ಅಳಿಸಲಾಗದ ಸಂಸ್ಕಾರವೆಂದು ಬಗೆದ ಬ್ರಾಹ್ಮಣರು ಮತ್ತು ಅವರ ಆಚಾರವನ್ನು ಅನುಸರಿಸಿದ ಕೆಲವು ಸಮುದಾಯಗಳ ಮಟ್ಟಿಗೆ ನಿಜ. ನಾಡಿನ ಉಳುವ, ಕುರಿ ಕಾಯುವ, ನೇಯುವ, ಮೀನು ಹಿಡಿಯುವ ಬಹುಸಂಖ್ಯಾತರ ಮಟ್ಟಿಗೆ ಅದು ನಿಜವಲ್ಲ. ಇದಕ್ಕೆ ಮೊದಲ ಸಾಕ್ಷಿ ಭಾಷೆಯೇ ಆಗಿದೆ. ಬಿಡುಗಡೆ, ಸೋಡಚೀಟಿ, ಫಾರಕತ್ತು, ಉಡಿಕೆ, ಕೂಡಿಕೆ, ಸೀರೆ ಉಡಿಕೆ ಮುಂತಾದ ಮಾತುಗಳು ಯಾವ ಶಾಸನಸಭೆಯಲ್ಲಿಯೂ ಹುಟ್ಟಿದವಲ್ಲ. ಸೋಡಚೀಟಿ ಮರಾಠಿಯಿಂದಲೂ ಫಾರಕತ್ತು ಪಾರಸಿಯ ದಾರಿಯಿಂದಲೂ ಬಂದು ಉತ್ತರ ಕರ್ನಾಟಕದ ಹಳ್ಳಿಗಳ ಬಾಯಲ್ಲಿ ಪಳಗಿದವು. ರೂಢಿಯಿಲ್ಲದ ವ್ಯವಹಾರಕ್ಕೆ ಜನ ಇಷ್ಟೊಂದು ಹೆಸರುಗಳನ್ನು ಇಟ್ಟುಕೊಳ್ಳುವುದಿಲ್ಲ.

ಈ ರೂಢಿಗಳನ್ನು ಕುರಿತು ದೊರೆಯುವ ಲಿಖಿತ ಆಕರಗಳು ಕಡಿಮೆಯೇನಲ್ಲ. ಎಲ್ಫಿನ್‌ಸ್ಟನ್ನನ ಆಡಳಿತಕಾಲದಲ್ಲಿ ಆರ್ಥರ್ ಸ್ಟೀಲ್ ದಖ್ಖನ್ ಪ್ರಾಂತಗಳ ಜಾತಿ ಕಟ್ಟಳೆಗಳನ್ನು ಕಲೆಹಾಕಿ 1827ರಲ್ಲಿ ಪ್ರಕಟಿಸಿದನು. ಮದ್ರಾಸ್ ಪ್ರಾಂತಕ್ಕೆ 1909ರಲ್ಲಿ ಎಡ್ಗರ್ ಥರ್ಸ್ಟನ್ನನ ಏಳು ಸಂಪುಟಗಳು, ಮುಂಬಯಿ ಪ್ರಾಂತಕ್ಕೆ 1920ರಿಂದ ಎಂಥೋವೆನ್ನನ ಸಂಪುಟಗಳು, ಮೈಸೂರು ಸಂಸ್ಥಾನಕ್ಕೆ ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳು ಒದಗಿದವು. ಎಂ.ಎನ್. ಶ್ರೀನಿವಾಸರು 1942ರಲ್ಲಿ ಮೈಸೂರಿನ ಮದುವೆ ಮತ್ತು ಕುಟುಂಬವನ್ನೇ ವಿಷಯವಾಗಿಟ್ಟುಕೊಂಡು ಗ್ರಂಥ ರಚಿಸಿದರು. ಈ ಆಕರಗಳನ್ನು ಓದುವಾಗ ಒಂದು ಎಚ್ಚರಿಕೆ ಅಗತ್ಯ. ಅಧಿಕಾರಿ ಅಥವಾ ವಿದ್ವಾಂಸ ಕೇಳಿದ್ದು ಜಾತಿಯ ಹಿರಿಯ ಗಂಡಸನ್ನು. ಉತ್ತರ ಬಂದದ್ದೂ ಅವನಿಂದಲೇ. ತೆರ ಎಷ್ಟು, ದಂಡ ಎಷ್ಟು, ಯಾರು ಯಾರಿಗೆ ಹಿಂತಿರುಗಿಸಬೇಕು ಎಂಬುದು ವಿವರವಾಗಿ ದಾಖಲಾಗಿದೆ. ಮಕ್ಕಳ ವಿಷಯ ಮಾತ್ರ ಹೆಚ್ಚಾಗಿ ವಿವರಣೆಯ ಕೊನೆಯಲ್ಲಿ, ಮಕ್ಕಳು ತಂದೆಗೆ ಸೇರಿದವರು ಎಂಬ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಆ ವಾಕ್ಯದ ಹಿಂದಿನ ಲೋಕವನ್ನು ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಬಿಡುಗಡೆಯ ಕ್ರಮ ಪ್ರದೇಶದಿಂದ ಪ್ರದೇಶಕ್ಕೆ ಭಿನ್ನವಾಗಿದ್ದರೂ ಅದರ ಚೌಕಟ್ಟು ಬಹುಮಟ್ಟಿಗೆ ಒಂದೇ. ಹಳೆಯ ಮೈಸೂರು ಸೀಮೆಯಲ್ಲಿ ಕಟ್ಟೆಮನೆಯ ಯಜಮಾನ, ಅವನ ಕರೆಯನ್ನು ಮನೆಮನೆಗೆ ಮುಟ್ಟಿಸುವ ಕೋಲುಕಾರ, ಉತ್ತರ ಕನ್ನಡದ ಕೆಲವು ಸಮುದಾಯಗಳಲ್ಲಿ ಬುದ್ಧಿವಂತ, ತುಳುನಾಡಿನಲ್ಲಿ ಗುರಿಕಾರ, ಧಾರವಾಡ ವಿಜಯಪುರಗಳ ಕಡೆ ಊರ ಹಿರಿಯರು ಕೂಡಿದ ಸಭೆಗೇ ದೈವವೆಂಬ ಹೆಸರು. ದಂಪತಿಗಳ ಜಗಳ ಈ ಸಭೆಯ ಮುಂದೆ ಬರುತ್ತಿತ್ತು. ಕೂಡಿಸುವ ಪ್ರಯತ್ನ ಮೊದಲು, ಬಿಡಿಸುವುದು ಆಮೇಲೆ. ಗಂಡ ಕಾರಣವಿಲ್ಲದೆ ಬಿಟ್ಟರೆ ಕೊಟ್ಟ ತೆರವನ್ನು ಕಳೆದುಕೊಳ್ಳುತ್ತಿದ್ದನು. ಹೆಂಡತಿ ತಾನಾಗಿ ಬಿಟ್ಟರೆ ತೆರವನ್ನೂ ಒಡವೆಯನ್ನೂ ಹಿಂತಿರುಗಿಸಬೇಕಾಗಿತ್ತು. ಅವಳನ್ನು ಉಡಿಕೆ ಮಾಡಿಕೊಳ್ಳುವ ಹೊಸ ಗಂಡನೇ ಅನೇಕ ವೇಳೆ ಆ ಹಣ ತೆರುತ್ತಿದ್ದನು.

ಬಿಡುಗಡೆಯನ್ನು ಕಣ್ಣಿಗೆ ಕಾಣಿಸುವ ಒಂದು ಕ್ರಿಯೆಯೂ ಕೆಲವು ಕಡೆ ಇರುತ್ತಿತ್ತು. ತಮಿಳುನಾಡಿನ ಕಳ್ಳರ್ ಸಮುದಾಯದಲ್ಲಿ ಗಂಡನು ಸಾಕ್ಷಿಗಳ ಮುಂದೆ ಹೆಂಡತಿಯ ಕೈಗೆ ಒಂದು ಹುಲ್ಲುಕಡ್ಡಿ ಕೊಡುತ್ತಿದ್ದುದನ್ನು ಥರ್ಸ್ಟನ್ ದಾಖಲಿಸಿದ್ದಾನೆ. ಖಚಿತವಾಗಿ ನುಡಿಯುವುದನ್ನು ಕನ್ನಡದಲ್ಲಿ ಕಡ್ಡಿ ಮುರಿದಂತೆ ಹೇಳುವುದು ಎನ್ನುತ್ತೇವೆ. ಇವೆರಡಕ್ಕೂ ನಂಟು ಕಟ್ಟುವುದು ಅವಸರದ ಮಾತಾದೀತು. ಆದರೂ, ಮತ್ತೆ ಕೂಡಿಸಲಾಗದ ನಿರ್ಧಾರಕ್ಕೆ ಜನಪದರು ಕಡ್ಡಿಯಂತಹ ಹಗುರವಾದ ವಸ್ತುವನ್ನೇ ಆರಿಸಿಕೊಂಡದ್ದು ಯೋಚಿಸತಕ್ಕ ಸಂಗತಿ.

ಇಷ್ಟೆಲ್ಲ ಲೆಕ್ಕಾಚಾರ ಮುಗಿದ ಮೇಲೆ ಉಳಿಯುವುದು ಮಗು. ತಂದೆಯ ಕಡೆಯಿಂದ ವಂಶ ಎಣಿಸುವ ಸಮುದಾಯಗಳಲ್ಲಿ ಮಗು ಹುಟ್ಟುತ್ತಲೇ ತಂದೆಯ ಬೆಡಗಿಗೆ ಸೇರುತ್ತದೆ. ಬೆಡಗು ಎಂದರೆ ಬರಿಯ ಹೆಸರಲ್ಲ. ಯಾರನ್ನು ಮದುವೆಯಾಗಬಹುದು, ಯಾವ ಮನೆದೇವರಿಗೆ ನಡೆದುಕೊಳ್ಳಬೇಕು, ಯಾರ ಸೂತಕ ಹಿಡಿಯಬೇಕು ಎಂಬುದೆಲ್ಲ ಅದರಿಂದಲೇ ನಿರ್ಧಾರವಾಗುತ್ತದೆ. ಆದುದರಿಂದ ಹೆಂಡತಿ ಮನೆ ಬಿಡಬಹುದು, ಬೆಡಗು ಬಿಡುವ ಹಕ್ಕು ಮಗುವಿಗಿಲ್ಲ. ಮೊಲೆಯುಣ್ಣುವ ಕೂಸಿಗೆ ಮಾತ್ರ ಒಂದು ವಿನಾಯಿತಿ ಇತ್ತು. ಹಾಲು ಬಿಡುವವರೆಗೆ ಅದು ತಾಯಿಯ ಜೊತೆಗಿದ್ದು, ಆಮೇಲೆ ತಂದೆಯ ಮನೆಗೆ ಮರಳಬೇಕು. ತಾಯ್ತನಕ್ಕೆ ಕಟ್ಟಳೆ ಒಪ್ಪಿದ ಅವಧಿ ಅಷ್ಟೇ. ಅದು ಮಗುವಿನ ಹಸಿವಿಗೆ ಕೊಟ್ಟ ಮನ್ನಣೆಯೇ ಹೊರತು ತಾಯಿಯ ಹಕ್ಕಿಗೆ ಕೊಟ್ಟದ್ದಲ್ಲ.

ಇಲ್ಲಿ ಜನಪದ ಕಥೆಗಳ ಒಂದು ವಿಚಿತ್ರವನ್ನು ಗಮನಿಸಬೇಕು. ಕನ್ನಡದ ಮಲತಾಯಿ ಕಥೆಗಳು ಅಸಂಖ್ಯ. ಅವುಗಳಲ್ಲಿ ಹೆತ್ತ ತಾಯಿ ಸಾಮಾನ್ಯವಾಗಿ ಸತ್ತಿರುತ್ತಾಳೆ; ಸತ್ತು ಮರವಾಗಿಯೋ ಹಸುವಾಗಿಯೋ ಬಂದು ಮಗುವಿಗೆ ಉಣಿಸುತ್ತಾಳೆ. ಆದರೆ ಬಿಡುಗಡೆ ಮತ್ತು ಉಡಿಕೆಗಳು ರೂಢಿಯಲ್ಲಿದ್ದ ಸಮಾಜದಲ್ಲಿ ಮಲತಾಯಿಯ ಕೈಗೆ ಬಿದ್ದ ಮಕ್ಕಳೆಲ್ಲರ ತಾಯಂದಿರೂ ಸತ್ತವರಾಗಿರಲು ಸಾಧ್ಯವಿಲ್ಲ. ಕೆಲವರಾದರೂ ಎರಡು ಹರದಾರಿಯಾಚೆಯ ಊರಿನಲ್ಲಿ ಬೇರೊಬ್ಬನ ಮನೆಯಲ್ಲಿ ಬಾಳುತ್ತಿದ್ದಿರಬೇಕು. ಕಥೆ ಆ ತಾಯಿಯನ್ನು ಬದುಕಿಸಿಡುವುದಿಲ್ಲ. ಬದುಕಿರುವ ತಾಯಿ ಮಗುವನ್ನು ಬಿಟ್ಟು ಹೋದುದನ್ನು ಹಾಡಿನಲ್ಲಿ, ಕಥೆಯಲ್ಲಿ ನೇರವಾಗಿ ಹೇಳುವುದಕ್ಕಿಂತ ಅವಳನ್ನು ಸಾಯಿಸಿ ಹಸುವಾಗಿ ಕರೆತರುವುದು ಕಥೆ ಹೇಳುವ ಅಜ್ಜಿಯರಿಗೆ ಹೆಚ್ಚು ಸಹನೀಯವೆನಿಸಿರಬಹುದು.

ಉಡಿಕೆಯಾದ ಹೆಣ್ಣಿನ ಎರಡನೆಯ ಸಂಸಾರದ ಮಕ್ಕಳಿಗೂ ಕಟ್ಟಳೆ ಒಂದು ಗುರುತು ಹಾಕಿತು. ಮೈಸೂರು ಸೀಮೆಯ ಹಲವು ಸಮುದಾಯಗಳಲ್ಲಿ ಇವರನ್ನು ಕೂಡಿಕೆ ಸಾಲು ಎಂದು ಬೇರೆಯಾಗಿ ಎಣಿಸಿ, ಕೆಲವು ತಲೆಮಾರುಗಳವರೆಗೆ ಮದುವೆಯ ಸಂಬಂಧದಲ್ಲಿ ದೂರವಿಡುತ್ತಿದ್ದರು. ಕೂಡಿಕೆಯ ಕಾರ್ಯದಲ್ಲಿ ಮುತ್ತೈದೆಯರು ಭಾಗವಹಿಸುತ್ತಿರಲಿಲ್ಲ. ಕೂಡಿಕೆಯಾದವಳನ್ನು ಶುಭಕಾರ್ಯದ ಆರತಿಗೆ ಕರೆಯುತ್ತಿರಲಿಲ್ಲ. ಬಿಡುಗಡೆಯನ್ನು ಒಪ್ಪಿದ ಸಮಾಜವೇ ಅದರ ಬೆಲೆಯನ್ನು ತಾಯಿಯಿಂದಲೂ ಮಕ್ಕಳಿಂದಲೂ ವಸೂಲು ಮಾಡಿತು. ಆದುದರಿಂದ ಜನಪದ ಸಮಾಜ ಹೆಣ್ಣಿಗೆ ಮುಕ್ತ ಸ್ವಾತಂತ್ರ್ಯ ಕೊಟ್ಟಿತ್ತೆಂಬ ಇತ್ತೀಚಿನ ಉತ್ಸಾಹದ ಮಾತುಗಳನ್ನು ಹಾಗೆಯೇ ಒಪ್ಪುವುದು ಕಷ್ಟ.

ಘಟ್ಟದ ಕೆಳಗೆ ಇಳಿದರೆ ಇದೇ ಪ್ರಶ್ನೆಗೆ ತದ್ವಿರುದ್ಧವಾದ ಉತ್ತರ ಸಿಗುತ್ತದೆ. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಬಳಿ ಹರಿಯುವುದು ತಾಯಿಯಿಂದ. ದಾಂಪತ್ಯ ಮುರಿದರೆ ಮಗು ಎಲ್ಲಿಗೆ ಹೋಗಬೇಕೆಂಬ ತಕರಾರು ಅಲ್ಲಿ ಹುಟ್ಟುವುದೇ ಇಲ್ಲ; ಅದು ಮೊದಲಿನಿಂದಲೂ ತಾಯಿಯ ಕುಟುಂಬದ್ದು. ತಂದೆಯ ಸ್ಥಾನ ಎಷ್ಟು ಸಡಿಲವಾಗಿತ್ತೆಂದರೆ, 1883ರಲ್ಲಿ ಮದ್ರಾಸ್ ಹೈಕೋರ್ಟು ಅಳಿಯಸಂತಾನದ ಸಂಬಂಧವು ವ್ಯಭಿಚಾರದ ಅಪರಾಧವನ್ನು ಹೊರಿಸಲು ಬೇಕಾದ ಅರ್ಥದಲ್ಲಿ ಮದುವೆಯೇ ಅಲ್ಲವೆಂದು ತೀರ್ಮಾನಿಸಿತು. ತನ್ನ ಚೌಕಟ್ಟಿಗೆ ಹೊಂದದ್ದನ್ನು ಇಲ್ಲವೆನ್ನುವುದು ವಸಾಹತು ನ್ಯಾಯಾಲಯಗಳ ರೂಢಿ. ಹಾಗೆಂದು ಈ ಪದ್ಧತಿಯನ್ನು ತಾಯಿಯ ಆಳ್ವಿಕೆಯೆಂದು ಹೊಗಳಬೇಕಾಗಿಲ್ಲ. ಕುಟುಂಬದ ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲಿತ್ತು. ಮಗುವಿಗೆ ನೆಲೆ ಖಾತ್ರಿಯಾಗಿತ್ತು, ತಂದೆಯ ಆಸ್ತಿಯ ಆಸೆ ಇರಲಿಲ್ಲ.

ಈ ನಾಡಿನ ಸಿರಿ ಪಾಡ್ದನವು ಬಿಡುಗಡೆ ಪಡೆದ ತಾಯಿಯೊಬ್ಬಳ ಚರಿತ್ರೆ. ಸತ್ಯನಾಪುರದ ಬಿರ್ಮು ಆಳ್ವನ ಮೊಮ್ಮಗಳು ಸಿರಿಯನ್ನು ಬಸರೂರಿನ ಕಾಂತು ಪೂಂಜನಿಗೆ ಕೊಟ್ಟು ಮದುವೆಯಾಗುತ್ತದೆ. ಬಸುರಿ ಹೆಂಡತಿಗೆಂದು ತಂದ ಬಯಕೆಯ ಸೀರೆಯನ್ನು ಅವನು ಮೊದಲು ಸೂಳೆ ಸಿದ್ದುವಿಗೆ ಉಡಿಸಿ ಆಮೇಲೆ ಹೆಂಡತಿಗೆ ತರುತ್ತಾನೆ. ಸಿರಿ ಆ ಸೀರೆಯನ್ನು ಮುಟ್ಟುವುದಿಲ್ಲ. ಮುಂದೆ ಅಜ್ಜನ ಮರಣ, ಅರಮನೆಯ ಹಕ್ಕಿನ ವ್ಯಾಜ್ಯ, ಗಂಡಸರ ಕೂಟದ ಅನ್ಯಾಯ ಒಂದರ ಹಿಂದೊಂದು ಬರುತ್ತವೆ. ಕೊನೆಗೆ ಅವಳೇ ಗಂಡನೊಡನೆ ಸಂಬಂಧ ಹರಿದುಕೊಂಡು, ತೊಟ್ಟಿಲ ಕೂಸು ಕುಮಾರನನ್ನೂ ದಾರುವೆಂಬ ಸೇವಕಿಯನ್ನೂ ಕರೆದುಕೊಂಡು ಅರಮನೆಯಿಂದ ನಡೆದುಬಿಡುತ್ತಾಳೆ. ಮಗು ತಾಯಿಯ ಬಳಿಗೆ ಸೇರಿದ್ದೆಂಬ ಕಾರಣದಿಂದಲೇ ಈ ನಡಿಗೆ ಸಾಧ್ಯವಾಯಿತು. ಬಯಲುಸೀಮೆಯ ಹೆಣ್ಣು ಹೀಗೆ ಹೊರಟಿದ್ದರೆ ತೊಟ್ಟಿಲು ಹಿಂದೆ ಉಳಿಯುತ್ತಿತ್ತು.

ಆದರೆ ಪಾಡ್ದನ ಅಲ್ಲಿಗೆ ನಿಲ್ಲುವುದಿಲ್ಲ. ಬೋಳದ ಕಾಡಿನಲ್ಲಿ, ಸಿರಿ ಕೊಡ್ಸರಾಳ್ವನನ್ನು ಎರಡನೆಯ ಬಾರಿ ಮದುವೆಯಾಗುವ ಮುನ್ನ, ಕುಮಾರ ಮಾಯವಾಗುತ್ತಾನೆ. ಹಾಡುವವರಿಂದ ಹಾಡುವವರಿಗೆ ವಿವರ ಬೇರೆಯಾದರೂ ತಾಯಿಯ ಮರುಮದುವೆಯ ಚಪ್ಪರದಲ್ಲಿ ಮೊದಲ ಗಂಡನ ಮಗ ಇರುವುದಿಲ್ಲ. ಮಾತೃವಂಶೀಯ ಕಟ್ಟಳೆ ಬಗೆಹರಿಸಿದ್ದ ಪ್ರಶ್ನೆಯನ್ನು ಪಾಡ್ದನ ಮತ್ತೆ ಎತ್ತುತ್ತದೆ: ಮಗು ಯಾರ ವಂಶದ್ದು ಎಂಬುದು ತೀರ್ಮಾನವಾದ ಮಾತ್ರಕ್ಕೆ ಅದಕ್ಕೆ ಜಾಗ ಸಿಕ್ಕಿತೆಂದಲ್ಲ. ಲೌರಿ ಹೊಂಕೊ, ವಿವೇಕ ರೈ, ಚಿನ್ನಪ್ಪಗೌಡ ಮೊದಲಾದ ವಿದ್ವಾಂಸರು 1990ರಲ್ಲಿ ಗೋಪಾಲ ನಾಯ್ಕರಿಂದ ಧ್ವನಿಮುದ್ರಿಸಿಕೊಂಡು, 1998ರಲ್ಲಿ 15,683 ಸಾಲುಗಳ ಮಹಾಕಾವ್ಯವಾಗಿ ಪ್ರಕಟಿಸಿದ್ದು ಈ ಕಥನವನ್ನೇ.

ಇನ್ನು ನ್ಯಾಯಾಲಯಗಳತ್ತ. ಮುಂಬಯಿ ಹೈಕೋರ್ಟು 1864ರಲ್ಲಿ ಗಂಡನ ಒಪ್ಪಿಗೆಯಿಲ್ಲದೆ ಹೆಣ್ಣು ಮರುಮದುವೆಯಾಗಲು ಬಿಡುವ ರೂಢಿಯನ್ನು ತಿರಸ್ಕರಿಸಿತು. 1876ರಲ್ಲಿ, ಮದುವೆಯನ್ನು ರದ್ದುಪಡಿಸುವ ಅಧಿಕಾರ ಜಾತಿಪಂಚಾಯಿತಿಗೆ ಇಲ್ಲವೆಂದಿತು. ಆ ವ್ಯಾಜ್ಯಗಳು ಬೇರೆ ಸೀಮೆಯವಾದರೂ ಧಾರವಾಡ, ಬೆಳಗಾವಿ, ವಿಜಯಪುರಗಳು ಅದೇ ಹೈಕೋರ್ಟಿನ ವ್ಯಾಪ್ತಿಯಲ್ಲಿದ್ದವು. ದೈವದವರ ಮಾತು ನಂಬಿ ಉಡಿಕೆಯಾದವಳು ದಂಡಸಂಹಿತೆಯ ಕಣ್ಣಿನಲ್ಲಿ ಅಪರಾಧಿಯಾಗುವ ಸ್ಥಿತಿ ಒದಗಿತು. ಮದ್ರಾಸ್ ಹೈಕೋರ್ಟು 1894ರಲ್ಲಿ ಪರಸ್ಪರ ಒಪ್ಪಿಗೆಯ ರೂಢಿಯ ಬಿಡುಗಡೆಯನ್ನು ಮಾನ್ಯ ಮಾಡಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಲವು ಜಾತಿಗಳ ಮುಖಂಡರು ಕೂಡಿಕೆಯನ್ನು ಕೀಳೆಂದು ಬಗೆದು ಬಿಡತೊಡಗಿದುದೂ ಉಂಟು. 1947ರಲ್ಲಿ ಮುಂಬಯಿ ಪ್ರಾಂತ, 1949ರಲ್ಲಿ ಮದ್ರಾಸ್ ಪ್ರಾಂತ ವಿಚ್ಛೇದನದ ಕಾಯಿದೆ ತಂದವು. 1955ರ ಕಾಯಿದೆಯ 29(2)ನೆಯ ಕಲಮು ರೂಢಿಯ ಬಿಡುಗಡೆಯನ್ನು ಹಾಗೆಯೇ ಉಳಿಸಿತು. ಮುಸ್ಲಿಮರ ವೈಯಕ್ತಿಕ ಕಾನೂನಿನಲ್ಲಿ ಹಿಜಾನತ್ ಎಂಬ ಹೆಸರಿನಲ್ಲಿ ಎಳೆಯ ಮಗು ತಾಯಿಯ ಬಳಿ ಇರುವ ಹಕ್ಕು ಮೊದಲಿನಿಂದಲೂ ಇತ್ತು. ಹನಫೀ ಪಂಥದಲ್ಲಿ ಗಂಡುಮಗುವಿಗೆ ಏಳು ವರ್ಷ ತುಂಬುವವರೆಗೆ.

ಮಗುವಿನ ಪ್ರಶ್ನೆ ಮಾತ್ರ ಬೇರೆ ಕಾಯಿದೆಗಳ ದಾರಿ ಹಿಡಿಯಿತು. 1890ರ ಪೋಷಕರು ಮತ್ತು ಪಾಲ್ಯರ ಕಾಯಿದೆ ಮಗುವಿನ ಕ್ಷೇಮವನ್ನು ಹೆಸರಿಸಿದರೂ, ತಂದೆ ಬದುಕಿದ್ದು ಅನರ್ಹನಲ್ಲದಿದ್ದರೆ ಬೇರೊಬ್ಬರನ್ನು ಪೋಷಕರನ್ನಾಗಿ ನೇಮಿಸದಂತೆ ತಡೆಯಿತು. ಆ ಕಲಮಿನಲ್ಲಿ ತಂದೆಯ ಪಕ್ಕದಲ್ಲಿ ತಾಯಿಯ ಹೆಸರು ಸೇರಿದ್ದು 2010ರ ತಿದ್ದುಪಡಿಯಲ್ಲಿ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯಿದೆ ತಂದೆಯನ್ನು, ಅವನ ನಂತರ ತಾಯಿಯನ್ನು ಸಹಜ ಪೋಷಕರೆಂದಿತು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂದಿತು. ಬೆಡಗಿನ ಕಟ್ಟಳೆಯನ್ನು ಬಲ್ಲವರಿಗೆ ಇದು ಪರಿಚಿತವಾದ ಆಕಾರ: ಹೆಸರು ತಂದೆಯದು, ಹಾಲಿನ ಕಾಲ ತಾಯಿಯದು. ಹೋಲಿಕೆ ಆಕಸ್ಮಿಕವಿರಬಹುದು, ಆದರೆ ಅದೇ ಕಾಯಿದೆಯ 13ನೆಯ ಕಲಮು ಮಗುವಿನ ಕ್ಷೇಮವೇ ಪರಮವೆಂದು ಸಾರಿದಾಗ ಯಾವ ಕಟ್ಟೆಮನೆಯೂ ಆಡದ ಮಾತನ್ನು ಆಡಿತು. ಮಕ್ಕಳು ತಂದೆತಾಯಿಯರ ಸೊತ್ತಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1973ರಲ್ಲಿ ಹೇಳಿತು. ಲೇಖಕಿ ಗೀತಾ ಹರಿಹರನ್ ಅವರ ಪ್ರಕರಣದಲ್ಲಿ 1999ರಲ್ಲಿ, ತಂದೆಯ ನಂತರ ಎಂಬುದಕ್ಕೆ ತಂದೆಯ ಮರಣಾನಂತರವೆಂದೇ ಅರ್ಥವಲ್ಲ, ಅವನು ಮಗುವಿನ ಹೊಣೆ ಹೊರದಿದ್ದಾಗಲೂ ತಾಯಿಯೇ ಪೋಷಕಿ ಎಂದು ವ್ಯಾಖ್ಯಾನಿಸಿತು.

ಹೀಗೆ ಈಗ ಎರಡು ಬಾಗಿಲುಗಳಿವೆ. ದಂಪತಿಗಳು ಹಿರಿಯರ ಮುಂದೆ ಛಾಪಾ ಕಾಗದದ ಮೇಲೆ ಬಿಡುಗಡೆ ಪತ್ರ ಬರೆದುಕೊಳ್ಳುವುದು ನಿಂತಿಲ್ಲ. ಅಂತಹ ರೂಢಿ ತಮ್ಮ ಸಮುದಾಯದಲ್ಲಿ ಇದೆಯೆಂದು ಹೇಳಿಕೊಂಡವರೇ ರುಜುವಾತುಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಸ್ಪಷ್ಟಪಡಿಸಿದೆ. ರೂಢಿ ಸಿದ್ಧವಾದರೂ ಮಗುವಿನ ವಿಷಯದಲ್ಲಿ ಆ ಪತ್ರದ ಬಲ ಅಲ್ಪ. ಮಗ ಅಪ್ಪನಿಗೆ, ಮಗಳು ಅವ್ವನಿಗೆ ಎಂದು ಬರೆದು ಹೆಬ್ಬೆಟ್ಟು ಒತ್ತಿದ್ದರೂ ಕೌಟುಂಬಿಕ ನ್ಯಾಯಾಲಯ ಅದಕ್ಕೆ ಬದ್ಧವಲ್ಲ. ಮಗುವಿನ ಸ್ಥಿತಿ ಬದಲಾದಂತೆ ತನ್ನ ಆದೇಶವನ್ನೂ ಅದು ಬದಲಿಸಬಹುದು. ತಾಯಿ ತನಗೆ ಜೀವನಾಂಶ ಬೇಡವೆಂದು ಬರೆದುಕೊಟ್ಟ ಮಾತ್ರಕ್ಕೆ ಮಗುವಿನ ಜೀವನಾಂಶದ ಹಕ್ಕು ಅಳಿಯುವುದಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಲ್ಲಿದ್ದ ಆ ಹಕ್ಕು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಲ್ಲಿದೆ. ಸೋಡಚೀಟಿ ಬರೆಸುವ ಹಿರಿಯರಲ್ಲಿ ಎಷ್ಟೋ ಮಂದಿಗೆ ಈ ತಿಳಿವಳಿಕೆ ಇಲ್ಲದಿರುವುದರಿಂದ ಹಳೆಯ ಒಂದೇ ವಾಕ್ಯ ಇಂದಿಗೂ ಆ ಕಾಗದಗಳ ಕೊನೆಯಲ್ಲಿ ಮುಂದುವರಿದಿದೆ. ಇನ್ನೊಂದೆಡೆ, ನ್ಯಾಯಾಲಯ ಗೊತ್ತುಪಡಿಸುವ ಭೇಟಿಯ ದಿನಗಳಿಗೆ ಊರಿನ ಒಡಂಬಡಿಕೆಯಾಗಲಿ ಸೋದರಮಾವನ ಜಗಲಿಯಾಗಲಿ ಆಸರೆಯಾಗಿಲ್ಲ.

ತುಳುನಾಡಿನ ಹಿರಿಯಡ್ಕ, ಕವತ್ತಾರು ಮೊದಲಾದ ಆಲಡೆಗಳಲ್ಲಿ ಹುಣ್ಣಿಮೆಯ ರಾತ್ರಿ ಸಿರಿ ಜಾತ್ರೆ ನಡೆಯುತ್ತದೆ. ಮೈಮೇಲೆ ಸಿರಿ ಬಂದ ಹೆಂಗಸರು ಹಿಂಗಾರ ಹಿಡಿದು ಸಾಲುಗಟ್ಟಿ ಕುಳಿತು ಹಾಡತೊಡಗುತ್ತಾರೆ. ಅವರ ನಡುವೆ ನಿಂತು ಒಬ್ಬೊಬ್ಬರನ್ನೂ ಮಾತನಾಡಿಸಿ, ಅವರವರ ಸಂಕಟ ಹೇಳಿಸುವ ಗಂಡಸು ಪಾತ್ರಿಯ ಹೆಸರು ಕುಮಾರ.