ಉಷ್ಣ ಎಂಬ ಒಂದು ಮಾತು

ಇಂಗ್ಲಿಷಿನ ‘ಹೀಟ್’ ಎಂಬ ಪದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಯಾರಾದರೂ ಕೇಳಿದರೆ ನಾನು ಕೂಡಲೇ ಉತ್ತರ ಕೊಡಲಾರೆ. ಯಾವ ಹೀಟ್ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ. ಪಾತ್ರೆಯೊಳಗಿನ ಹಾಲಿನದಾದರೆ ಅದು ಬಿಸಿ. ಒಲೆಯ ಮುಂದೆ ಕುಳಿತವರ ಮುಖಕ್ಕೆ ಹೊಡೆಯುವುದು ಝಳ. ಕೋಳಿ ತನ್ನ ಮೊಟ್ಟೆಗಳಿಗೆ ಕೊಡುವುದು ಕಾವು. ಮೇ ತಿಂಗಳಿನಲ್ಲಿ ರಾಯಚೂರಿನದು ಧಗೆ. ಅದೇ ತಿಂಗಳಿನಲ್ಲಿ ಮಂಗಳೂರಿನದು ಸೆಕೆ. ಹಸು ಹೋರಿಯನ್ನು ಬಯಸುವ ಕಾಲಕ್ಕೂ ಇಂಗ್ಲಿಷಿನವರಿಗೆ ಅದೇ ಪದ ಸಾಕು; ನಮ್ಮ ರೈತ ಅದನ್ನು ಬೆದೆ ಎಂದು ಬೇರೆಯಾಗಿಯೇ ಕರೆದಿದ್ದಾನೆ. ಓಟದ ಪಂದ್ಯದ ಮೊದಲ ಸುತ್ತುಗಳೂ ಅವರಿಗೆ ‘ಹೀಟ್ಸ್’.

ಕನ್ನಡದ ‘ಕಾಯ್’ ಎಂಬ ಧಾತುವಿಗೆ ಬಿಸಿಯಾಗು ಎಂಬ ಅರ್ಥವೂ ಉಂಟು, ರಕ್ಷಿಸು ಎಂಬ ಅರ್ಥವೂ ಉಂಟು. ಮೂಲದಲ್ಲಿ ಇವು ಎರಡು ಬೇರೆ ಧಾತುಗಳೆಂದು ಭಾಷಾವಿದರು ಹೇಳುತ್ತಾರೆ. ಆದರೂ ಮೊಟ್ಟೆಗಳ ಮೇಲೆ ಕುಳಿತ ಕೋಳಿ ಎರಡನ್ನೂ ಒಟ್ಟಿಗೇ ಮಾಡುತ್ತದೆಂಬುದು ನನಗೆ ಸೊಗಸಾಗಿ ಕಾಣುತ್ತದೆ. ಸಂಸ್ಕೃತದ ‘ತಪ್’ ಧಾತುವಾದರೋ ಸುಡು ಎಂಬ ಒಂದೇ ಅರ್ಥದಿಂದ ಹೊರಟು ತಾಪ, ತಪಸ್ಸು, ಪಶ್ಚಾತ್ತಾಪ, ಸಂತಾಪಗಳವರೆಗೆ ಹಬ್ಬಿತು. ಸಂತಾಪ ಸೂಚಕ ಸಭೆಯಲ್ಲಿ ಮಾತನಾಡುವವರಿಗೆ ತಾವು ಬೆಂಕಿಯ ಮಾತನ್ನಾಡುತ್ತಿದ್ದೇವೆಂಬ ನೆನಪು ಇರುವುದಿಲ್ಲ.

ಹೀಗೆ ಒಂದು ಮಾತಿಗೆ ಅರ್ಥಗಳು ಹೆಚ್ಚಿದಷ್ಟೂ ಕವಿಗೆ ಲಾಭ. ಆದರೆ ಅಳೆಯಲು ಹೊರಟವನಿಗೆ ಅದೇ ತೊಡಕು. ಯೂರೋಪಿನ ವಿದ್ವಾಂಸರು ಈ ತೊಡಕನ್ನು ಬಿಡಿಸಿಕೊಳ್ಳಲು ಪಟ್ಟ ಪಾಡಿನ ಕಥೆಯನ್ನೇ ನಾನು ಈಗ ಹೇಳಬೇಕೆಂದಿರುವುದು.

ಅವರ ಪ್ರಾಚೀನ ವೈದ್ಯದಲ್ಲಿ ಉಷ್ಣವೆಂಬುದು ಒಂದು ಗುಣ. ಎರಡನೆಯ ಶತಮಾನದ ಗೇಲನ್ ಎಂಬ ವೈದ್ಯ ಔಷಧಗಳ ಉಷ್ಣ ಮತ್ತು ಶೀತಗಳನ್ನು ನಾಲ್ಕು ಅಂತಸ್ತುಗಳಾಗಿ ವಿಂಗಡಿಸಿದ್ದ. ಪರಂಗಿಹಣ್ಣು ಉಷ್ಣ, ಮಜ್ಜಿಗೆ ತಂಪು ಎಂದು ನಮ್ಮ ಮನೆಗಳಲ್ಲಿ ಹೇಳುವುದೂ ಇದೇ ಜಾತಿಯ ಮಾತು. ಹಣ್ಣನ್ನು ಮುಟ್ಟಿ ನೋಡಿ ಹೇಳುವ ಮಾತಲ್ಲ. ಗಾಜಿನ ಕೊಳವೆಯಲ್ಲಿ ಪಾದರಸವಿಟ್ಟು ಫ್ಯಾರನ್‌ಹೀಟ್ 1724ರಲ್ಲಿ ತನ್ನ ಮಾನವನ್ನು ಪ್ರಕಟಿಸಿದ ಮೇಲೆ ಗುಣಕ್ಕೆ ಅಂಕಿ ಬಂತು. ಆದರೆ ಆ ಅಂಕಿ ಯಾವುದರದು? ‘ಉಷ್ಣಮಾಪಕ’ ಎಂಬ ನಮ್ಮ ಹೆಸರಿನಲ್ಲಿಯೂ ಆ ಕಾಲದ ಭ್ರಮೆ ಉಳಿದುಕೊಂಡಿದೆ. ಆ ಉಪಕರಣ ಉಷ್ಣವನ್ನು ಅಳೆಯುವುದೇ ಇಲ್ಲ.

ಇದನ್ನು ಮೊದಲು ಸ್ಪಷ್ಟವಾಗಿ ಕಂಡವನು ಜೋಸೆಫ್ ಬ್ಲ್ಯಾಕ್. 1728ರಲ್ಲಿ ಫ್ರಾನ್ಸಿನ ಬೋರ್ಡೊ ನಗರದಲ್ಲಿ ಹುಟ್ಟಿದ ಈತ ಗ್ಲಾಸ್ಗೊ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದ. ಕರಗುವ ಅಂಚಿಗೆ ಬಂದ ಹಿಮಕ್ಕೆ ಇನ್ನು ತೃಣಮಾತ್ರ ಬಿಸಿ ಸೇರಿದರೂ ಅದು ನೀರಾಗಿಬಿಡುತ್ತದೆಂದು ಎಲ್ಲರೂ ನಂಬಿದ್ದ ಕಾಲವದು. ಹಾಗಿದ್ದರೆ ವಸಂತದ ಮೊದಲ ಬಿಸಿಲಿಗೇ ಬೆಟ್ಟಗಳ ಹಿಮವೆಲ್ಲ ಒಮ್ಮೆಗೇ ನೀರಾಗಿ ಕೆಳಗಿನ ಊರುಗಳನ್ನು ಕೊಚ್ಚಿಕೊಂಡು ಹೋಗಬೇಕಿತ್ತಲ್ಲವೆ ಎಂದು ಬ್ಲ್ಯಾಕ್ ಕೇಳಿದ. ಎಷ್ಟು ಸರಳವಾದ ಪ್ರಶ್ನೆ! ಹಿಮಾಲಯದ ನದಿಗಳ ದಡದಲ್ಲಿ ಸಾವಿರಾರು ವರ್ಷ ಬಾಳಿದ ನಮಗೂ ಈ ಪ್ರಶ್ನೆ ಹೊಳೆಯಬಹುದಾಗಿತ್ತು.

ಅವನ ಪ್ರಯೋಗಕ್ಕೆ ದೊಡ್ಡ ಸಲಕರಣೆಗಳೇನೂ ಬೇಕಾಗಲಿಲ್ಲ. ಒಂದೇ ಅಳತೆಯ ಎರಡು ಗಾಜಿನ ಬುರುಡೆಗಳು. ಎರಡರಲ್ಲಿಯೂ ಸಮತೂಕದ ನೀರು. ಒಂದರದನ್ನು ಹೆಪ್ಪುಗಟ್ಟಿಸಿ, ಇನ್ನೊಂದರದನ್ನು ಹೆಪ್ಪುಗಟ್ಟದಂತೆ 33 ಫ್ಯಾರನ್‌ಹೀಟ್ ಡಿಗ್ರಿಗೆ ತಂಪುಮಾಡಿ, ಗಾಳಿಯಾಡದ ದೊಡ್ಡ ಕೋಣೆಯೊಂದರಲ್ಲಿ ತೂಗುಹಾಕಿದ. ನೀರು ಅರ್ಧ ಗಂಟೆಯಲ್ಲಿ 7 ಡಿಗ್ರಿ ಏರಿ 40ಕ್ಕೆ ಬಂತು. ಹಿಮ ಕರಗಿ ಅದೇ 40ಕ್ಕೆ ಬರಲು ಹತ್ತೂವರೆ ಗಂಟೆ ಹಿಡಿಯಿತು. ಅಂದರೆ ಇಪ್ಪತ್ತೊಂದು ಅರ್ಧ ಗಂಟೆಗಳ ಕಾಲ ಕೋಣೆಯ ಬಿಸಿ ಹಿಮದೊಳಕ್ಕೆ ಇಳಿಯುತ್ತಲೇ ಇತ್ತು. ಲೆಕ್ಕ ಹಾಕಿದರೆ ಸುಮಾರು 140 ಡಿಗ್ರಿಗಳಷ್ಟು ಉಷ್ಣ ಉಷ್ಣಮಾಪಕದ ಕಣ್ಣಿಗೆ ಬೀಳದೆ ಹಿಮದಲ್ಲಿ ಅಡಗಿಹೋಗಿತ್ತು. ನಮ್ಮ ಪಠ್ಯಪುಸ್ತಕಗಳ ‘ಗುಪ್ತೋಷ್ಣ’ ಇದೇ. 1762ರಲ್ಲಿ ಗ್ಲಾಸ್ಗೊದ ವಿದ್ವಾಂಸರ ಕೂಟದ ಮುಂದೆ ಇದನ್ನು ವಿವರಿಸಿದ ಬ್ಲ್ಯಾಕ್ ಮುದ್ರಿಸುವ ಗೋಜಿಗೆ ಹೋಗಲಿಲ್ಲ. ಅವನ ಪಾಠಗಳು ಅಚ್ಚಾದದ್ದು 1803ರಲ್ಲಿ. ಆ ವೇಳೆಗೆ ಅವನು ತೀರಿಕೊಂಡು ನಾಲ್ಕು ವರ್ಷಗಳಾಗಿದ್ದವು.

ಉಷ್ಣ ಬೇರೆ, ಅದರ ಮಟ್ಟ ಬೇರೆ ಎಂಬುದೇನೋ ತಿಳಿಯಿತು. ಆದರೆ ಹೀಗೆ ಅಡಗಿಕೊಳ್ಳಬಲ್ಲದ್ದು ಒಂದು ವಸ್ತುವೇ ಇರಬೇಕೆಂದು ಹಲವರಿಗೆ ತೋರಿತು. 1787ರಲ್ಲಿ ಲವಾಸಿಯೇ ಮತ್ತು ಅವನ ಸಂಗಡಿಗರು ರಸಾಯನಶಾಸ್ತ್ರಕ್ಕೆ ಹೊಸ ಪರಿಭಾಷೆ ಕಟ್ಟುವಾಗ, ನಮ್ಮ ಮೈಗೆ ತಿಳಿಯುವ ಬಿಸಿಗೆ ಹಳೆಯ ಪದವನ್ನು ಬಿಟ್ಟು, ಆ ಬಿಸಿಯನ್ನುಂಟುಮಾಡುವ ದ್ರವಕ್ಕೆ ‘ಕ್ಯಾಲೊರಿಕ್’ ಎಂದು ಹೊಸ ಹೆಸರಿಟ್ಟರು. 1789ರ ಅವನ ಗ್ರಂಥದಲ್ಲಿ ಅದು ಆಮ್ಲಜನಕ, ಜಲಜನಕಗಳ ಪಂಕ್ತಿಯಲ್ಲಿ ಕುಳಿತಿದೆ. ಮ್ಯೂನಿಕ್ಕಿನ ಶಸ್ತ್ರಾಗಾರದಲ್ಲಿ ಫಿರಂಗಿಯನ್ನು ಕೊರೆಸುತ್ತ, ಬರಿಯ ಉಜ್ಜಾಟದಿಂದಲೇ ಎರಡೂವರೆ ಗಂಟೆಯಲ್ಲಿ ನೀರನ್ನು ಕುದಿಸಿ ತೋರಿಸಿದ ರಂಫರ್ಡ್, ಉಜ್ಜಿದಷ್ಟೂ ಬರುವಂಥದು ವಸ್ತುವಾಗಲಾರದೆಂದು 1798ರಲ್ಲಿ ವಾದಿಸಿದ. ಕೊರಳು ಕಳೆದುಕೊಂಡ ಲವಾಸಿಯೇಯ ವಿಧವೆಯನ್ನು ಇದೇ ರಂಫರ್ಡ್ ಮುಂದೆ ಮದುವೆಯಾದ. ಆ ಸಂಸಾರ ಬಹುಕಾಲ ನಡೆಯಲಿಲ್ಲ.

ಈ ಕಥೆಯಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಲಕುವವನು ರಾಬರ್ಟ್ ಮೇಯರ್. ಜರ್ಮನಿಯ ಹೈಲ್‌ಬ್ರಾನ್ ಊರಿನ ಈ ತರುಣ ವೈದ್ಯ 1840ರಲ್ಲಿ ಡಚ್ ಹಡಗೊಂದರಲ್ಲಿ ಜಾವಾಕ್ಕೆ ಹೋದ. ಅಲ್ಲಿ ನಾವಿಕರ ರಕ್ತ ತೆಗೆಯುವಾಗ ಸಿರೆಯ ರಕ್ತ ಕಪ್ಪಾಗಿರುವ ಬದಲು ಧಮನಿಯ ರಕ್ತದಂತೆ ಕೆಂಪಾಗಿ ಹೊಳೆಯಿತು. ಬಿಸಿಲ ನಾಡಿನಲ್ಲಿ ಮೈ ತನ್ನನ್ನು ಬೆಚ್ಚಗಿಟ್ಟುಕೊಳ್ಳಲು ಹೆಚ್ಚು ಉರಿಯಬೇಕಾಗಿಲ್ಲ, ಆದ್ದರಿಂದ ರಕ್ತದ ಆಮ್ಲಜನಕ ಅಷ್ಟಾಗಿ ವ್ಯಯವಾಗುವುದಿಲ್ಲ ಎಂದು ಅವನು ತರ್ಕಿಸಿದ. ಅಲ್ಲಿಂದ ಮುಂದಕ್ಕೆ, ದುಡಿಮೆ ಮತ್ತು ಉಷ್ಣ ಒಂದೇ ನಾಣ್ಯದ ಚಿಲ್ಲರೆಗಳೆಂಬ ನಿರ್ಣಯಕ್ಕೆ ಬಂದ. 1842ರ ಅವನ ಲೇಖನವನ್ನು ಭೌತವಿಜ್ಞಾನಿಗಳು ಕಣ್ಣೆತ್ತಿ ನೋಡಲಿಲ್ಲ. ಇಂಗ್ಲೆಂಡಿನಲ್ಲಿ ಜೂಲ್ ಅದೇ ಮಾತನ್ನು ಪ್ರಯೋಗಗಳಿಂದ ಸಾಧಿಸಿ, ಒಂದು ಪೌಂಡು ನೀರನ್ನು ಒಂದು ಡಿಗ್ರಿ ಬಿಸಿಮಾಡಲು 772 ಅಡಿ-ಪೌಂಡುಗಳ ಕೆಲಸ ಬೇಕೆಂದು 1850ರಲ್ಲಿ ಪ್ರಕಟಿಸಿದ. ಅದೇ ವರ್ಷ ಮೇಯರ್ ಕಿಟಕಿಯಿಂದ ಕೆಳಕ್ಕೆ ಹಾರಿದ. ಪ್ರಾಣ ಉಳಿಯಿತು; ಮುಂದೆ ಕೆಲಕಾಲ ಮಾನಸಿಕ ಚಿಕಿತ್ಸಾಲಯದ ಗೋಡೆಗಳ ನಡುವೆ ಇರಬೇಕಾಯಿತು. ರಾಯಲ್ ಸೊಸೈಟಿಯ ಕಾಪ್ಲಿ ಪದಕ ಜೂಲ್‌ಗೆ 1870ರಲ್ಲಿಯೂ ಮೇಯರ್‌ಗೆ 1871ರಲ್ಲಿಯೂ ಬಂತು.

ಕ್ಯಾಲೊರಿಕ್ ದ್ರವ ಶಾಸ್ತ್ರದಿಂದ ಮರೆಯಾಯಿತು. ಅದರ ಮಗುವಾದ ‘ಕ್ಯಾಲೊರಿ’ ಬಿಸ್ಕತ್ತಿನ ಪೊಟ್ಟಣಗಳ ಮೇಲೆ ಇಂದಿಗೂ ಇದೆ. ಕನ್ನಡಕ್ಕೆ ಶಾಸ್ತ್ರವನ್ನು ತಂದವರು ಉಷ್ಣ, ಉಷ್ಣತೆ ಎಂಬ ಜೋಡಿಯನ್ನು ಬಳಸಿದರು. ಬ್ಲ್ಯಾಕ್ ಅಷ್ಟು ಕಷ್ಟಪಟ್ಟು ಬೇರ್ಪಡಿಸಿದ ಎರಡು ಸಂಗತಿಗಳ ನಡುವೆ ಒಂದು ‘ತೆ’ ಅಕ್ಷರವನ್ನಷ್ಟೇ ನಿಲ್ಲಿಸಿದ್ದು ನನಗೆ ಹಿಡಿಸದು. ಪತ್ರಿಕೆಗಳ ‘ತಾಪಮಾನ’ವೇ ಮೇಲು.

ಇದು ಬರಿಯ ಪದಗಳ ಜಗಳವಲ್ಲ. ನಮ್ಮ ಮೈ ತಂಪಾಗುವುದು ಬ್ಲ್ಯಾಕ್‌ನ ಗುಪ್ತೋಷ್ಣದಿಂದಲೇ: ಒಂದು ಲೀಟರು ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಉಷ್ಣವನ್ನು ಒಯ್ಯುತ್ತದೆ. ರಾಯಚೂರಿನ ಒಣಗಾಳಿಯಲ್ಲಿ ಅದು ಆರುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಅಷ್ಟು ಬೇಗ ಆರದೆ ಮೈಮೇಲೆಯೇ ಇಳಿಯುತ್ತದೆ. ಆಗ ನಾವು ಸೆಕೆ ಎನ್ನುತ್ತೇವೆ. ಉಷ್ಣಮಾಪಕ 33 ಎಂದು ಹೇಳಿ ಸುಮ್ಮನಾಗುತ್ತದೆ. ಬುರುಡೆಗೆ ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕವೊಂದುಂಟು. ತೇವ ಹೆಚ್ಚಿದ್ದಷ್ಟೂ ಅದು ಮೇಲೆ ನಿಲ್ಲುತ್ತದೆ. ಅದು 35 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಆರೋಗ್ಯವಂತನೂ ನೆರಳಿನಲ್ಲಿ ಕುಳಿತಲ್ಲಿಯೇ ಕೆಲವು ಗಂಟೆಗಳಲ್ಲಿ ಸಾಯಬಹುದೆಂಬುದು ಹಿಂದಿನ ಲೆಕ್ಕ. 2022ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ತರುಣರ ಮೇಲೆ ನಡೆಸಿದ ಪ್ರಯೋಗಗಳು ಮೈ ಸೋಲುವ ಮಿತಿ ಇನ್ನೂ ಕೆಳಗೆ, 31ರ ಆಸುಪಾಸಿನಲ್ಲಿದೆಯೆಂದು ತೋರಿಸಿದವು. ಭಾರತದ ಹವಾಮಾನ ಇಲಾಖೆ ತಾಪದೊಡನೆ ಗಾಳಿಯ ತೇವವನ್ನೂ ಕೂಡಿಸಿದ ಸೂಚ್ಯಂಕವೊಂದನ್ನು ಪ್ರಾಯೋಗಿಕವಾಗಿ ಕೊಡತೊಡಗಿದ್ದು 2023ರಲ್ಲಿ. ಕರಾವಳಿಯ ಅಜ್ಜಿಯರು ಬೀಸಣಿಗೆ ಹಿಡಿದು ‘ಎಂಥ ಸೆಕೆ!’ ಎಂದಾಗಲೆಲ್ಲ ಸೂಚಿಸುತ್ತಿದ್ದುದು ಆ ಎರಡರ ಮೊತ್ತವನ್ನೇ.